ಫ್ರಿಜ್ಜಿನಲ್ಲಿ ಎರಡು ರಾತ್ರಿ

ಕ್ಲಿಪ್ಪು ಸರಿಯಾಗಿ ಕಚ್ಚಿಲ್ಲ, ರಬ್ಬರ್ ಕೊಳವೆಯ ತುದಿಯಲ್ಲಿ ಒಂದು ಹನಿ ದಪ್ಪವಾಗುತ್ತಿದೆ, ಬೀಳಬಾರದು, ಬಿದ್ದರೆ ಅದರೊಳಗೆ ಇರಬಹುದಾದದ್ದೂ ನೆಲದ ಪಾಲು — ಒಂದು ಸುತ್ತು ಬಿಗಿ, ಇನ್ನರ್ಧ ಸುತ್ತು, ಸಾಕು, ನಿಂತಿತು. ಎಂಟೂ ಐವತ್ತು. ಗಾಜಿನ ಆಲಿಕೆ, ಅದರ ಬಾಯಿಗೆ ಜರಡಿ, ಜರಡಿಯಲ್ಲಿ ನಾಲ್ಕು ಮಡಿಕೆ ಬ್ಯಾಂಡೇಜು ಬಟ್ಟೆ, ಬಟ್ಟೆಯಲ್ಲಿ ಅಕ್ಕನ ಮಲ, ಅದರ ತಳಕ್ಕೆ ತಾಗುವ ಹಾಗೆ ಬಿಸಿನೀರು, ಜ್ವರ ಬಂದ ಮೈಗಿಂತ ತುಸು ಹೆಚ್ಚು ಬಿಸಿ. ಹುಳು ಇದ್ದರೆ ಬಿಸಿಯ ಕಡೆಗೆ ಬರುತ್ತದೆ, ಬಟ್ಟೆಯ ಎಳೆಗಳ ನಡುವೆ ನುಸುಳಿ ನೀರಿಗಿಳಿಯುತ್ತದೆ, ಈಜಲಾರದೆ ಮುಳುಗಿ ಕೊಳವೆಯ ತಳ ಸೇರುತ್ತದೆ, ಆಗ ಕ್ಲಿಪ್ಪು ಸಡಿಲಿಸಿದರೆ ಮೊದಲ ಹನಿಗಳಲ್ಲೇ ಸಿಗುತ್ತದೆ. ಒಂದು ಗಂಟೆಯಾದರೂ ಬೇಕು, ಎರಡಾದರೆ ಒಳ್ಳೆಯದು. ಅಕ್ಕ ಮಾತ್ರೆ ನುಂಗುವುದು ಹತ್ತಕ್ಕೆ, ತಿಂಡಿಯಾದ ಮೇಲೆ, ನಾಲ್ಕು ಸಣ್ಣ ಬಿಳಿ ಸ್ಟಿರಾಯ್ಡ್ ಮಾತ್ರೆ, ಉಬ್ಬಸಕ್ಕೆ, ಇವತ್ತು ಹನ್ನೊಂದನೆಯ ದಿನ. ಫೋನ್ ಮಾಡಿ ಇವತ್ತು ನುಂಗಬೇಡ ಅನ್ನಬಹುದು. ಯಾಕೇ ಅಂತಾಳೆ. ಯಾಕೆ ಅಂದರೆ ಹೇಳಬೇಕಾಗುತ್ತದೆ, ಮತ್ತು ಡಾಕ್ಟರನ್ನು ಕೇಳದೆ ಆ ಮಾತ್ರೆ ನಿಲ್ಲಿಸುವಂತೆಯೂ ಇಲ್ಲ, ಡಾಕ್ಟರನ್ನು ಕೇಳಿದರೆ ಅವರಿಗೂ ಯಾಕೆ ಅಂತ ಹೇಳಬೇಕು. ಇನ್ನೂ ಎಪ್ಪತ್ತು ನಿಮಿಷವಿದೆ. ಹುಳುವೇ ಬಂದು ಹೇಳಲಿ.

ಬೆನ್ನ ಹಿಂದೆ ಫ್ರಿಜ್ಜು ಗುಂಯ್ ಅನ್ನುತ್ತಿದೆ, ಇಷ್ಟು ವರ್ಷ ಕಿವಿಗೇ ಬೀಳದ ಸದ್ದು, ಇವತ್ತು ಅದೊಂದೇ ಕೇಳಿಸುತ್ತಿದೆ. ಅದರ ಬಾಗಿಲಿಗೆ ಅಂಟಿಸಿದ ಕಾಗದ ನನ್ನದೇ ಅಕ್ಷರ, ಹನ್ನೆರಡು ವರ್ಷದ ಹಿಂದಿನದು, ಒಂದು ಗಂಟೆಯೊಳಗೆ ನೋಡಲಾಗದ ಸ್ಯಾಂಪಲ್ ಕಡ್ಡಾಯವಾಗಿ ಒಳಗಿಡಿ, ಕಡ್ಡಾಯದ ಕೆಳಗೆ ಎರಡು ಗೆರೆ. ಮೂತ್ರಕ್ಕೆಂದು ಬರೆದದ್ದು, ಆಮೇಲೆ ಎಲ್ಲಕ್ಕೂ ಅದೇ ಶಾಸನವಾಯಿತು, ತಪ್ಪೂ ಅಲ್ಲ, ಜಂತುಹುಳುವಿನ ಮೊಟ್ಟೆ, ಕೊಕ್ಕೆಹುಳುವಿನ ಮೊಟ್ಟೆ ತಂಪಿನಲ್ಲಿ ಇಟ್ಟ ಹಾಗೇ ಇರುತ್ತವೆ. ಇದೊಂದು ಬೇರೆ. ಸ್ಟ್ರಾಂಜಿಲಾಯ್ಡಿಸ್, ದಾರದ ಎಳೆಗಿಂತ ಸಣ್ಣದು, ಇದು ಮೊಟ್ಟೆಯನ್ನು ಹೊರಗೆ ಕಳಿಸುವುದಿಲ್ಲ, ಮೊಟ್ಟೆ ಕರುಳಿನಲ್ಲೇ ಒಡೆದು ಮರಿ ಹೊರಬರುತ್ತದೆ, ಮರಿಗೆ ತಂಪು ಆಗದು, ಮರಗಟ್ಟುತ್ತದೆ, ಸಾಯುತ್ತದೆ, ಸತ್ತದ್ದು ಬಿಸಿಗೂ ಬರುವುದಿಲ್ಲ, ತಟ್ಟೆಯ ಮೇಲೂ ಹರಿಯುವುದಿಲ್ಲ. ಗೊತ್ತಿಲ್ಲದ್ದಲ್ಲ. ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಆದರೆ ಅವತ್ತು ಶನಿವಾರ ಸಂಜೆ, ಉಸಿರಾಟದ ಡಾಕ್ಟರು ಚೀಟಿ ಕೊಟ್ಟು ಐದು ದಿನವಾಗಿತ್ತು — ನಿಮ್ಮಕ್ಕನ ರಕ್ತದಲ್ಲಿ ಇಯೋಸಿನೋಫಿಲ್ ಹದಿನಾಲ್ಕಿದೆ, ಸ್ಟಿರಾಯ್ಡ್ ಶುರು ಮಾಡೋ ಮುಂಚೆ ಆ ಹುಳು ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಣ, ನೀವೇ ನೋಡಿಬಿಡಿ, ನಿಮ್ಮಷ್ಟು ಚೆನ್ನಾಗಿ ಯಾರು ನೋಡ್ತಾರೆ. ಅಕ್ಕ ಐದು ದಿನವೂ ಸತಾಯಿಸಿದಳು, ನಾನು ಮಣ್ಣು ತುಳಿದು ನಿನ್ನ ಓದಿಸಿದ್ದು ಕೊನೆಗೆ ನನ್ನ ಕಕ್ಕಸು ನೋಡೋಕೇನೇ, ಅದನ್ನ ಓದಿಲ್ಲದೋರೂ ನೋಡ್ತಾರೆ, ದಿನಾ ಬೆಳಗ್ಗೆ. ನಗುವುದಕ್ಕೂ ಉಸಿರಿಲ್ಲ, ನಕ್ಕರೆ ಎದೆಯೊಳಗೆ ಸೀಟಿ. ಶನಿವಾರ ಆರಕ್ಕೆ ಡಬ್ಬಿ ಕೊಟ್ಟಳು, ಮೇಲೆ ಎರಡು ಪ್ಲಾಸ್ಟಿಕ್ ಚೀಲ, ಅದರ ಮೇಲೆ ಒಗೆದು ಮಡಿಸಿದ ಬಟ್ಟೆ, ಮದುವೆ ಉಡುಗೊರೆ ಥರ. ಲ್ಯಾಬಿಗೆ ಬಂದಾಗ ಬೀಗ ಹಾಕುವ ಹೊತ್ತು. ನಾನು ಏನು ಮಾಡಿದೆ — ಹೆಸರು ಬರೆದೆ, ಹೊತ್ತು ಬರೆದೆ, ಬಾಗಿಲು ತೆಗೆದೆ, ಮೇಲಿನ ತಟ್ಟೆಯಲ್ಲಿ ಬೇರೆ ಸ್ಯಾಂಪಲ್‌ಗಳಿಗೆ ತಾಗದಂತೆ ಒಂದು ಮೂಲೆಯಲ್ಲಿ, ಕೆಳಗೊಂದು ಕಾಗದ ಹಾಸಿ, ಇಟ್ಟೆ. ಅಕ್ಕನದು ಅಂತ ಹೆಚ್ಚು ಜೋಪಾನ. ಸೋಮಾರಿಯಾಗಿದ್ದರೆ ಮೇಜಿನ ಮೇಲೆ ಬಿಟ್ಟು ಹೋಗುತ್ತಿದ್ದೆ, ಸೋಮಾರಿಯ ಡಬ್ಬಿಯಲ್ಲಿ ಮರಿ ಬದುಕಿರುತ್ತಿತ್ತು. ಸೋಮವಾರ ನೋಡಿದೆ, ಏನಿಲ್ಲ. ಅಗರ್ ತಟ್ಟೆಯಲ್ಲಿಟ್ಟೆ, ಬದುಕಿದ ಮರಿ ಆ ಲೋಳೆಯ ಮೇಲೆ ಹರಿದರೆ ಮೈಗಂಟಿದ ಬ್ಯಾಕ್ಟೀರಿಯವನ್ನು ದಾರಿಯುದ್ದಕ್ಕೂ ಬಿತ್ತುತ್ತಾ ಹೋಗುತ್ತದೆ, ಮರುದಿನಕ್ಕೆ ಬಿತ್ತಿದ್ದು ಚುಕ್ಕೆಚುಕ್ಕೆಯಾಗಿ ಮೊಳೆತು ಹೋದ ದಾರಿಯೆಲ್ಲ ಬಯಲಾಗುತ್ತದೆ. ಎರಡು ದಿನ ನೋಡಿದೆ. ತಟ್ಟೆ ನುಣ್ಣಗಿತ್ತು. ನಿಯಮದ ಪ್ರಕಾರ ಇನ್ನೆರಡು ದಿನದ ಎರಡು ಸ್ಯಾಂಪಲ್ ಕೇಳಬೇಕಿತ್ತು, ಅಕ್ಕ ಗೋಡೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು, ಎಷ್ಟು ದಿನ ಕಾಯಿಸ್ತೀಯೇ ಅಂದಳು, ಕಂಡುಬಂದಿಲ್ಲ ಅಂತ ಬರೆದು ಸಹಿ ಹಾಕಿದೆ.

ಒಂಬತ್ತೂ ಐದು. ನೀರು ಆರಬಾರದು, ದೀಪವನ್ನು ಇನ್ನಷ್ಟು ಹತ್ತಿರ ತರಲೇ, ಬೇಡ, ಹೆಚ್ಚು ಬಿಸಿಯಾದರೂ ಸಾಯುತ್ತವೆ. ಮೂವತ್ತು ವರ್ಷ ಒಂದು ಹುಳು ಒಂದು ಮೈಯಲ್ಲಿ ಇರುವುದುಂಟೇ ಅಂದರೆ, ಒಂದು ಹುಳು ಇರುವುದಿಲ್ಲ, ಅದರ ವಂಶ ಇರುತ್ತದೆ. ಅಕ್ಕ ಸಸಿ ಬೆಳೆಸುವ ತೋಟದಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವಳು, ಬರಿಗಾಲಿನಲ್ಲಿ, ಹಸಿ ಮಣ್ಣಿನ ಪಾತಿಗಳ ನಡುವೆ, ಚಪ್ಪಲಿ ಹಾಕ್ಕೊಂಡ್ರೆ ಕಾಲು ಬರುತ್ತೆ ಚಪ್ಪಲಿ ಬರಲ್ಲ ಕಣೇ ಅನ್ನುತ್ತಿದ್ದಳು. ಕೆಲಸದವರಿಗೆ ಕಕ್ಕಸಿರಲಿಲ್ಲ, ಎಲ್ಲರೂ ಶೆಡ್ಡಿನ ಹಿಂದೆ, ನೀರು ಬಿಟ್ಟರೆ ಆ ಇಳಿಜಾರಿನದೆಲ್ಲ ಪಾತಿಗೇ ಬರುತ್ತಿತ್ತು, ಒಬ್ಬರ ಹೊಟ್ಟೆಯದು ಇನ್ನೊಬ್ಬರ ಕಾಲಿಗೆ. ಮಣ್ಣಿನಲ್ಲಿ ಮರಿ ಬಲಿಯುತ್ತದೆ, ಪಾದದ ಚರ್ಮ ಕೊರೆದು ಒಳಗೆ, ರಕ್ತದಲ್ಲಿ ಶ್ವಾಸಕೋಶಕ್ಕೆ, ಅಲ್ಲಿಂದ ಗಂಟಲಿಗೆ, ಗಂಟಲಿನಿಂದ ನುಂಗಿಸಿಕೊಂಡು ಕರುಳಿಗೆ. ಕರುಳಿನಲ್ಲಿ ಎಲ್ಲವೂ ಹೆಣ್ಣು, ಗಂಡಿನ ಹಂಗಿಲ್ಲದೆ ಮೊಟ್ಟೆ ಇಡುತ್ತವೆ. ಹೊರಗೆ ಹೋದ ಮರಿಗೆ ಮಣ್ಣಿನಲ್ಲಿ ಗಂಡುಹೆಣ್ಣಾಗಿ ಸಂಸಾರ ಹೂಡುವುದೂ ಗೊತ್ತು, ಯಾರ ಮೈಯೂ ಬೇಡದ ಹಳೆಯ ಬದುಕು ಅದು, ಅದನ್ನಿನ್ನೂ ಮರೆತಿಲ್ಲ. ಇದರ ನೆಂಟರಲ್ಲಿ ಎಷ್ಟೋ ಇವತ್ತಿಗೂ ಮಣ್ಣಿನಲ್ಲೇ ಬ್ಯಾಕ್ಟೀರಿಯ ತಿಂದುಕೊಂಡಿವೆ, ಬರಗಾಲ ಬಂದರೆ ಬಾಯಿ ಮುಚ್ಚಿ ಗಟ್ಟಿ ಮರಿಯಾಗಿ ಕಾಯುತ್ತವೆ, ಹಾಗೆ ಕಾಯಲು ಕಲಿತದ್ದೇ ಮೈಯೊಳಗೆ ಹೊಗಲು ಮೊದಲ ಮೆಟ್ಟಿಲಾಗಿರಬೇಕು ಎಂದು ಬಲ್ಲವರ ಊಹೆ, ನೋಡಿದವರಿಲ್ಲ. ಮತ್ತೆ ಇದೊಂದು ಕಲಿತದ್ದು, ಕೊಕ್ಕೆಹುಳು ಕಲಿಯದ್ದು — ಹೊರಗೇ ಹೋಗದಿರುವುದು. ಕೆಲವು ಮರಿ ಕರುಳಿನಲ್ಲೇ ಬಲಿತು, ಅಲ್ಲಿಂದಲೇ ಗೋಡೆ ಕೊರೆದು ಮತ್ತೆ ಒಳಗೆ, ಮತ್ತೆ ಶ್ವಾಸಕೋಶ, ಮತ್ತೆ ಕರುಳು. ತೋಟ ಬಿಟ್ಟರೂ, ಚಪ್ಪಲಿ ಹಾಕಿದರೂ, ವಯಸ್ಸಾದರೂ, ಅದು ಖಾಲಿ ಮಾಡದ ಬಾಡಿಗೆದಾರ. ಉಂಡ ಮನೆಯ ಜಂತಿ ಎಣಿಸುವುದಿಲ್ಲ, ಮನೆ ಬಿದ್ದರೆ ತಾನೂ ಬೀಳುತ್ತೇನೆ ಎಂಬಂತೆ ನಾಲ್ಕೈದಾಗಿ ತಗ್ಗಿಬಗ್ಗಿ ಇರುತ್ತದೆ, ಮೈಯೂ ಅದನ್ನು ಕಾದುಕೊಂಡು ಕೂತಿರುತ್ತದೆ, ನೂರು ಬಿಳಿ ರಕ್ತಕಣದಲ್ಲಿ ಆ ಹದಿನಾಲ್ಕು ಇಯೋಸಿನೋಫಿಲ್ ಅಂದರೆ ಅದೇ ಕಾವಲು. ಸ್ಟಿರಾಯ್ಡ್ ಕೊಟ್ಟರೆ ಕಾವಲುಗಾರರು ಮಲಗುತ್ತಾರೆ. ನಾಲ್ಕೈದಿದ್ದದ್ದು ಲಕ್ಷ. ಕರುಳಿನ ಬ್ಯಾಕ್ಟೀರಿಯವನ್ನು ಮೈಗಂಟಿಸಿಕೊಂಡು ರಕ್ತಕ್ಕೆ, ಮಿದುಳಿಗೆ, ತಟ್ಟೆಯ ಮೇಲೆ ಬಿತ್ತಿದ ಹಾಗೆ ಬಿತ್ತುತ್ತಾ. ಹಾಗಾದ ಮೇಲೆ ಬದುಕುವವರಿಗಿಂತ ಬದುಕದವರು ಹೆಚ್ಚು. ಆ ಉಬ್ಬಸವೂ ಉಬ್ಬಸವೋ ಅಲ್ಲವೋ, ಶ್ವಾಸಕೋಶದಲ್ಲಿ ಹಾದುಹೋಗುವ ಇದರದೇ ಕಿರುಕುಳವೋ. ನಾನೂ ಆ ಪಾತಿಗಳಲ್ಲಿ ಓಡಾಡಿದವಳು, ಶಾಲೆ ಮುಗಿಸಿ ನೇರ ಅಕ್ಕನ ಹತ್ತಿರ, ಶೂ ಕೈಯಲ್ಲಿ ಹಿಡಿದು, ಹಾಳಾಗಬಾರದು ಅಂತ. ನನ್ನ ಇಯೋಸಿನೋಫಿಲ್ ಆರು. ಆರು ಏನೂ ಅಲ್ಲ. ಕಾಲಿನ ಬೆರಳ ಸಂದಿ ತುರಿಸುತ್ತಿದೆ, ಈಗ ನೆನೆದದ್ದಕ್ಕೆ ತುರಿಸುತ್ತಿದೆ, ಅಷ್ಟೇ.

ಇವತ್ತು ಬೆಳಿಗ್ಗೆ ಆರೂಕಾಲಿಗೆ ಅಕ್ಕನ ಫೋನು, ಏನೋ ತೊಡೆ ಮೇಲೆ ಹರೀತಿದೆ ಕಣೇ, ಇರುವೆ ಅಂದ್ಕೊಂಡು ಕೊಡವಿದೆ, ಇರುವೆ ಚರ್ಮದ ಒಳಗಿದೆ. ಎರಡು ಬೀದಿ ಓಡಿದೆ. ತೊಡೆಯ ಹೊರಬದಿಯಲ್ಲಿ ಕೆಂಪಗೆ ಉಬ್ಬಿದ ಗೆರೆ, ಅಂಕುಡೊಂಕು, ದಾರ ಒಗೆದ ಹಾಗೆ. ಜೇಬಿನಲ್ಲಿದ್ದ ನೀಲಿ ಬಾಲ್‌ಪೆನ್ನಿನಿಂದ ಅದರ ತುದಿಗೆ ಅಡ್ಡ ಗೆರೆ ಎಳೆದೆ, ಆರೂವರೆ. ಏನೇ ಇದು, ನನ್ನ ಬಟ್ಟೆ ಅಂದ್ಕೊಂಡ್ಯಾ, ಅಳತೆ ಹಾಕ್ತಿದ್ದೀಯ ಅಂದಳು, ಅಂದು ಕೆಮ್ಮಿದಳು, ಹೊಟ್ಟೆ ಹಿಡಿದುಕೊಂಡಳು, ನಿನ್ನೆಯಿಂದ ಹೊಟ್ಟೆನೂ ಅಂದಳು. ಏಳೂಕಾಲಿಗೆ ನೋಡಿದೆ. ಕೆಂಪು ನೀಲಿಯನ್ನು ದಾಟಿ ನಾಲ್ಕು ಬೆರಳು ಮುಂದಿತ್ತು. ಚರ್ಮದಡಿ ಓಡುವ ಹುಳು ಬೇರೆಯೂ ಇವೆ, ಆದರೆ ಅವು ದಿನಕ್ಕೆ ಒಂದೆರಡು ಬೆರಳು. ಮುಕ್ಕಾಲು ಗಂಟೆಗೆ ನಾಲ್ಕು ಬೆರಳು ಓಡುವುದು ಇದೊಂದೇ. ಏನದು ಅಂದಳು. ನೋಡೋಣ ಅಂದೆ. ಡಬ್ಬಿ ಕೊಡು, ಈಗಲೇ, ಬಿಸಿಬಿಸಿ. ಈ ಸಲ ಅವಳು ತಮಾಷೆ ಮಾಡಲಿಲ್ಲ.

ಒಂಬತ್ತೂ ಇಪ್ಪತ್ತು, ಬಾಗಿಲು ತೆರೆಯಿತು, ಗಡಿಯಾರ ಬಂದರು — ಇಪ್ಪತ್ತೊಂಬತ್ತು ವರ್ಷದ ನೌಕರಿಯಲ್ಲಿ ಐದು ನಿಮಿಷ ತಡವಾಗದ ಮನುಷ್ಯ, ರಕ್ತದ ಸ್ಲೈಡುಗಳೆಲ್ಲ ಅವರದು, ಎಲ್ಲರೂ ಹಾಗೇ ಕರೆಯುತ್ತಾರೆ, ಬೆನ್ನ ಹಿಂದೆ. ಏನ್ ಮೇಡಂ, ಬೆಳ್‌ಬೆಳಗ್ಗೆ ಟೀ ಸೋಸ್ತಾ ಇದ್ದೀರಾ, ನನಗೂ ಒಂದು ಲೋಟ. ಕುಡೀರಿ, ಸಕ್ಕರೆ ನೀವೇ ಹಾಕ್ಕೊಳ್ಳಿ ಅಂದೆ, ನಕ್ಕರು, ಫ್ರಿಜ್ಜಿನ ಕಡೆ ಹೋದರು, ಇದರಲ್ಲಿ ಯಾರೋ ಏನೋ ಇಟ್ಟಿದ್ದಾರಲ್ಲ ಅಂದರು — ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ಎದ್ದೇ ನಿಂತೆ — ಯಾರದೋ ಊಟದ ಡಬ್ಬಿ ಮೇಡಂ, ರಕ್ತದ ಪಕ್ಕ, ಬುದ್ಧಿ ಬೇಡ್ವಾ ಜನಕ್ಕೆ. ಆ ಹದಿನಾಲ್ಕು ನೋಡಿದವರೂ ಇವರೇ. ಅಕ್ಕ ಹೇಗಿದ್ದಾರೆ, ಇನ್ನೊಂದು ಸಲ ರಕ್ತ ಕಳಿಸಿದ್ದರಲ್ಲ, ಇಯೋಸಿನೋಫಿಲ್ ಒಂದಕ್ಕಿಳಿದಿದೆ, ಒಳ್ಳೇದೇ ಆಯ್ತು ಅಂದರು. ಒಳ್ಳೆಯದಲ್ಲ. ಕಾವಲು ಮಲಗಿದೆ. ಊರಿಗೆ ಉಪಕಾರಿ ಮನೆಗೆ ಮಾರಿ, ಇಷ್ಟು ವರ್ಷ ಊರವರ ಹೊಟ್ಟೆಯಲ್ಲಿ ಏನಿದೆ ಅಂತ ಹೇಳಿದವಳು. ಕ್ಲಿಪ್ಪು ಸಡಿಲಿಸುತ್ತೇನೆ, ಹೊತ್ತಾಗಿಲ್ಲ, ಇರಲಿ, ಒಂದು ಹನಿ ಸ್ಲೈಡಿಗೆ, ಲೆನ್ಸಿನ ಕೆಳಗೆ. ನಾರು. ಎಣ್ಣೆಯ ಗುಳ್ಳೆ. ಸಸ್ಯದ ಕೂದಲು, ಹುಳುವಿನ ಹಾಗೆ ಬಾಗಿದ್ದು, ಅಲುಗದ್ದು. ಎರಡನೆಯ ಹನಿ. ನಾರು. ಏನಿಲ್ಲ. ಏನಿಲ್ಲ ಅಂದ ತಕ್ಷಣ ಒಳಗೆಲ್ಲೋ ಹಾಯೆನಿಸಿತು, ನಾನು ಅದನ್ನು ಗಮನಿಸಿದೆ, ಹಾಯೆನಿಸಿದ್ದನ್ನು. ಅಂದರೆ ಇದು ಖಾಲಿಯಾಗಿರಲಿ ಅಂತ ಕಾಯುತ್ತಿದ್ದೇನೆಯೇ. ಖಾಲಿಯಾಗಿದ್ದರೆ ಮತ್ತೆ ಕಂಡುಬಂದಿಲ್ಲ ಅಂತ ಬರೆಯುತ್ತೇನೆಯೇ, ಹುಳು ಸಿಕ್ಕಿದರೆ ಅದೇ ಮಾತಾಡಲಿ, ಸಿಗದಿದ್ದರೆ ಯಾರೂ ಮಾತಾಡುವುದು ಬೇಡ. ಆದರೆ ನೋಡಬೇಕಾದದ್ದನ್ನು ಏಳೂಕಾಲಿಗೇ ನೋಡಿದ್ದೇನೆ, ಲೆನ್ಸಿಲ್ಲದೆ, ಬರಿಗಣ್ಣಿನಲ್ಲಿ, ಕೆಂಪು ನೀಲಿಯನ್ನು ದಾಟಿದ್ದನ್ನು. ಈ ಆಲಿಕೆ ಹುಳುವಿಗಲ್ಲ, ನನಗೆ. ಎರಡು ಗಂಟೆ ಹೊತ್ತು ಕಳೆಯುವುದಕ್ಕೆ.

ಉಸಿರಾಟದ ಡಾಕ್ಟರು ಮೂರನೆಯ ರಿಂಗಿಗೆ ತೆಗೆದರು. ಹೇಳಿ, ವಾರ್ಡಿನಲ್ಲಿದ್ದೀನಿ. ಹೇಳಿದೆ, ಮೊದಲು ಗೆರೆ, ಆಮೇಲೆ ಹೊಟ್ಟೆನೋವು, ಕೆಮ್ಮು, ಆಮೇಲೆ ನಿಲ್ಲಿಸದೆ, ಉಸಿರು ತೆಗೆದುಕೊಂಡರೆ ಹೇಳಲಾರೆ ಅನಿಸಿ, ಆ ಸ್ಯಾಂಪಲ್ ಶನಿವಾರದಿಂದ ಸೋಮವಾರದವರೆಗೆ ಫ್ರಿಜ್ಜಿನಲ್ಲಿತ್ತು ಡಾಕ್ಟರೇ, ನಾನೇ ಇಟ್ಟಿದ್ದು, ಇನ್ನೆರಡು ಸ್ಯಾಂಪಲ್ ಕೇಳಲೂ ಇಲ್ಲ, ಆ ರಿಪೋರ್ಟ್ ಲೆಕ್ಕಕ್ಕಿಲ್ಲ. ಗಡಿಯಾರ ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು. ಆ ಕಡೆ ಯಾರೋ ಟ್ರಾಲಿ ತಳ್ಳಿದ ಸದ್ದು, ಚಕ್ರ ಕೀರಲು. ನಿಮಗೆ ಗೊತ್ತಿತ್ತಲ್ವಾ ಅಂದರು ಡಾಕ್ಟರು. ಗೊತ್ತಿತ್ತು. ಈಗಲೇ ಕರ್ಕೊಂಡು ಬನ್ನಿ, ಅಡ್ಮಿಟ್ ಮಾಡೋಣ, ಹುಳುವಿಗೆ ಐವರ್ಮೆಕ್ಟಿನ್ ಇವತ್ತೇ ಶುರು, ನಿಮ್ಮ ಆಲಿಕೆಗೆ ಕಾಯಲ್ಲ, ರಕ್ತ ಕಲ್ಚರಿಗೂ ತೆಗೆಯೋಣ, ಸ್ಟಿರಾಯ್ಡ್ ಹೇಗೆ ಇಳಿಸೋದು ಅಂತ ನಾನು ನೋಡ್ತೀನಿ, ಬೆಳಗಿನ ಡೋಸ್ ನಾನು ಹೇಳೋವರೆಗೂ ಬೇಡ. ಜ್ವರ ಇದೆಯಾ. ಗೊತ್ತಿಲ್ಲ. ಮುಟ್ಟಿ ನೋಡಲಿಲ್ವಾ. ಗೆರೆ ನೋಡಿದೆ, ಹಣೆ ಮುಟ್ಟಲಿಲ್ಲ. ಬನ್ನಿ, ಬೈಯೋದಿದೆ, ಆಮೇಲೆ ಬೈತೀನಿ.

ಅಕ್ಕನಿಗೆ ರಿಂಗು, ಒಂಬತ್ತೂ ನಲವತ್ತು, ಎತ್ತು, ಎತ್ತು, ಬ್ಯಾಗು ಎಲ್ಲಿ, ಗಡಿಯಾರ ಆಗಲೇ ನನ್ನ ಬ್ಯಾಗು ಹಿಡಿದು ಬಾಗಿಲಲ್ಲಿದ್ದಾರೆ, ನಾನು ಆಲಿಕೆ ನೋಡ್ಕೋತೀನಿ ನೀವು ಹೊರಡಿ ಅಂತ ಕೈಯಲ್ಲೇ. ಎತ್ತಿದಳು. ಮಾತ್ರೆ ನುಂಗ್ಬೇಡ. ನುಂಗಾಯ್ತಲ್ಲೇ, ತಿಂಡಿ ಸೇರಲಿಲ್ಲ, ಬರೀ ಹೊಟ್ಟೇಲೇ ನುಂಗಿದೆ, ನೀನೇ ತಾನೇ ಒಂದಿನಾನೂ ತಪ್ಪಿಸಬೇಡ ಅಂದಿದ್ದು. ಸರಿ, ಅಕ್ಕಾ, ಜ್ವರ ಇದೆಯಾ. ಚಳಿ ಆಗ್ತಿದೆ, ಕಿಟಕಿ ಹಾಕಿದೀನಿ. ಅಕ್ಕಾ, ಆವತ್ತು ನಾನು ನಿನ್ನ ಡಬ್ಬೀನ — ಕೇಳು ಇಲ್ಲಿ, ಅಂದಳು, ನೀನು ಪೆನ್ನು ಬಿಟ್ಟು ಹೋಗಿದ್ಯಲ್ಲ, ನನಗೂ ಕೆಲಸ ಬೇಕಲ್ಲ, ನಾನೂ ಗೆರೆ ಹಾಕ್ತಾ ಕೂತೆ, ಎಂಟಕ್ಕೊಂದು, ಒಂಬತ್ತಕ್ಕೊಂದು, ನಿನ್ನ ಥರಾನೇ ಟೈಮ್ ಬರೆದಿದೀನಿ, ನೋಡಿದ್ರೆ ಮೆಚ್ಚಿಕೋತೀಯ. ಒಂಬತ್ತರದು ಸೊಂಟದ ಹತ್ತಿರ. ಈಗ, ಈಗ ಎಲ್ಲಿದೆ. ತಾಳು, ಸೆರಗು ಸರಿಸಲಿ. ಕೆಮ್ಮು. ಬಟ್ಟೆಯ ಸದ್ದು. ಉಸಿರಿನ ಸೀಟಿ, ಒಂದು, ಎರಡು. ಈಗ ಪಕ್ಕೆ ಮೇಲಿದೆ ಕಣೇ. ಇದಕ್ಕೆಲ್ಲಿ ಗೆರೆ ಹಾಕಲಿ, ಹಾಕೋಷ್ಟರಲ್ಲಿ ಹೋಗುತ್ತೆ. ಮೆಟ್ಟಿಲು, ಬೀದಿ, ಓಡುತ್ತಿದ್ದೇನೆ, ಫೋನು ಕಿವಿಯಲ್ಲಿ, ಒಂಬತ್ತರ ನೀಲಿ ಗೆರೆ, ಅದರ ಮೇಲೆ ಹಾದುಹೋದ ಕೆಂಪು, ನೀಲಿ ಅಲ್ಲೇ ಇದೆ, ಕೆಂಪು ಅಲ್ಲಿಲ್ಲ, ಪಕ್ಕೆಯ ಮೇಲೆ, ನೀಲಿ ಗೆರೆ, ಅದರಾಚೆ ಕೆಂಪು, ಅದರಾಚೆ ಇನ್ನೂ ಗೆರೆ ಹಾಕದ ಚರ್ಮ