ಸಂಘದ ಪಾಸ್‌ವರ್ಡ್

"ಕೂತ್ಕೊ. ನನ್ನ ಕಣ್ಣೆದುರಿಗೇ ಅಳಿಸಿಬಿಡು" ಎಂದು ನಟರಾಜ್ ಮೇಷ್ಟ್ರು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು.

ಹರ್ಷಿತಾ ಕೂರಲಿಲ್ಲ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ರಮಾಬಾಯಿ ಮಹಿಳಾ ಸಂಘದ ಬ್ಲಾಗು ತೆರೆದಿತ್ತು. ಅದರಲ್ಲೊಂದು ಫೋಟೊ. ಮುದ್ದನಕೊಪ್ಪಲಿನ ಹಾಲಿನ ಡೈರಿಯ ಜಗಲಿಯ ಮೇಲೆ ಸಾಲಾಗಿ ನಿಂತ ದೊಡ್ಡ ಕ್ಯಾನುಗಳು. ಅವುಗಳಿಂದ ದೂರ, ಕೆಳಗೆ, ಚರಂಡಿಯ ಪಕ್ಕದಲ್ಲಿ, ಕುತ್ತಿಗೆಗೆ ಕೆಂಪು ಬಣ್ಣ ಬಳಿದ ಒಂಟಿ ಕ್ಯಾನು. ಅಡಿಯಲ್ಲಿ ಒಂದೇ ಸಾಲು: 'ನಮ್ಮ ಕೇರಿಯ ಹಾಲಿಗೆ ಈ ಕ್ಯಾನು.'

ಬಾಗಿಲ ಒಳಬದಿಯಲ್ಲಿ ಮೇಘಶ್ರೀ ತಲೆ ತಗ್ಗಿಸಿ ನಿಂತಿದ್ದಳು. ಆ ಡೈರಿಯ ಅಧ್ಯಕ್ಷ ಲಕ್ಕಪ್ಪ ಅವಳ ಅಪ್ಪ.

ಈ ಕೆಲಸಕ್ಕೆ ಹುಡುಗಿಯರನ್ನು ಹಚ್ಚಿದವರು ನಟರಾಜ್ ಮೇಷ್ಟ್ರೇ. ಬೇಲೂರಿನ ಆ ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಓದುವವರು ಇಬ್ಬಿಬ್ಬರಾಗಿ ಒಂದೊಂದು ಸಂಘಕ್ಕೆ ಹೋಗಿ, ಈ-ಮೇಲು, ಬ್ಲಾಗು ಮಾಡಿಕೊಟ್ಟು, ಅದನ್ನು ಬಳಸುವುದನ್ನು ಕಲಿಸಿ ಬರಬೇಕು ಎಂಬುದು ಆ ವರ್ಷದ ಪ್ರಾಜೆಕ್ಟು. ಹಗರೆಯ ಹುಡುಗರು ತಮ್ಮೂರಿನ ಯುವಕ ಸಂಘವನ್ನು ಹಿಡಿದರು. ಹರ್ಷಿತಾ ತನ್ನನ್ನು ಸಾಕಿದ ದೊಡ್ಡಮ್ಮ ಮಾರಮ್ಮನ ಸಂಘವನ್ನು ಆರಿಸಿಕೊಂಡಳು. ತಾನೂ ಮುದ್ದನಕೊಪ್ಪಲಿನವಳು, ಮಾದಿಹಳ್ಳಿ ಮೇಲೆ ಬರುವ ಅದೇ ಬಸ್ಸಿನವಳು ಎಂದು ಮೇಘಶ್ರೀ ಜೊತೆಯಾದಳು. ಒಂದೇ ಊರಾದರೂ ಮೇಘಶ್ರೀ ಅಲ್ಲಿಯವರೆಗೆ ಕೇರಿಯನ್ನು ನೋಡಿದ್ದು ಬಸ್ಸಿನ ಕಿಟಕಿಯಿಂದ ಮಾತ್ರ.

ಕಲಿಕೆ ನಡೆದದ್ದು ಹಳೇಬೀಡಿನ ಬಸ್ ನಿಲ್ದಾಣದ ಪಕ್ಕದ ಭೀಮರಾಜನ ಸೈಬರ್ ಸೆಂಟರಿನಲ್ಲಿ. ಕೀಲಿಮಣೆಯ ಇಂಗ್ಲಿಷ್ ಅಕ್ಷರಗಳ ಮೇಲೆ ಹುಡುಗಿಯರು ಕಾಗದದ ಚೂರು ಅಂಟಿಸಿ ಕನ್ನಡ ಬರೆದರು. ಸಂಘದ ಹೆಂಗಸರು ಮೊದಮೊದಲು ಗುಂಡಿ ಒತ್ತಿದರೆ ಮುರಿದೀತು ಎಂಬಂತೆ ಬೆರಳಿಟ್ಟು ತೆಗೆಯುತ್ತಿದ್ದರು. ಬಸಮ್ಮ ಎಂಬುವಳು ಅರಸೀಕೆರೆಯಲ್ಲಿದ್ದ ತಮ್ಮನಿಗೆ 'ಚೆನ್ನಾಗಿದೀಯ' ಎಂದು ಬರೆದು ಕಳಿಸಿ, ಅಲ್ಲಿಂದ 'ಯಾರು' ಎಂದು ಉತ್ತರ ಬಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಊರಿನಲ್ಲಿ "ಮಾರಮ್ಮ, ಬಾರೆ ಇಲ್ಲಿ" ಎಂದು ಕರೆಯುವ ಮನೆಯ ಮೇಘಶ್ರೀಗೆ, ಪಕ್ಕದಲ್ಲಿ ಕೂತು ಹೇಳಿಕೊಡುವಾಗ ಹಾಗೆ ಕರೆಯಲು ಬಾಯಿ ಬರಲಿಲ್ಲ. ಒಂದು ದಿನ ತಾನಾಗಿಯೇ "ಮಾರಮ್ಮನೋರೆ, ನೀವು ಇದನ್ನ ಒತ್ತಿ" ಎಂದಳು. ಮಾರಮ್ಮ ಅವಳನ್ನೊಮ್ಮೆ ನೋಡಿ, ಒತ್ತಿದಳು.

ಬ್ಲಾಗಿಗೆ ಮೊದಲು ಏನು ಹಾಕೋಣ ಎಂಬ ಮಾತು ಬಂದಾಗ ಹುಡುಗಿಯರು ರಂಗೋಲಿ, ಹಪ್ಪಳ, ಹೊಲಿಗೆ ಎಂದರು.

"ಅದೆಲ್ಲಾ ಎಲ್ಲಾ ಸಂಗದಲ್ಲೂ ಐತೆ ಕಣವ್ವ" ಎಂದಳು ಮಾರಮ್ಮ. "ನಾವು ಸಾಲ ಎತ್ತಿ ಹಸ ಕಟ್ಟಿದ್ದು ಯಾಕೆ? ಹಾಲು ಹಾಕಕ್ಕೆ. ಆ ಹಾಲ ಚರಂಡಿ ಪಕ್ಕ ಸುರಿಸ್ಕತಾರೆ. ವ್ಯಾನು ತಗಂಡೋಗಿ ಎಲ್ಲಾನೂ ಒಂದೇ ತೊಟ್ಟಿಗೆ ಉಯ್ತದೆ. ಅಲ್ಲಿ ಇಲ್ಲದ ಮಡಿ ಇಲ್ಲೆಲ್ಲಿಂದ ಬಂತು? ಅದ ಹಾಕಿ."

ಹರ್ಷಿತಾ ಮೇಘಶ್ರೀಯ ಮುಖ ನೋಡಿದಳು. ಮೇಘಶ್ರೀ ಕೀಲಿಮಣೆಯ ಮೇಲೆ ಎದ್ದುಬಂದಿದ್ದ ಕಾಗದದ ಚೂರೊಂದನ್ನು ಒತ್ತಿ ಅಂಟಿಸಿದಳು. ಕೊನೆಗೆ, "ಕ್ಯಾಮೆರಾ ನಂದೇ ಇದೆ. ಆದ್ರೆ ಯಾರ ಮುಖಾನೂ ಬರೋದು ಬೇಡ" ಎಂದಳು.

ಫೋಟೊ ಬ್ಲಾಗಿಗೆ ಹೋಯಿತು. ಹಾಸನದ ಅಧಿಕಾರಿಗಳಿಗೂ ಒಂದು ಪತ್ರಿಕೆಗೂ ಈ-ಮೇಲಿನಲ್ಲಿ ಹೋಯಿತು. ಪತ್ರಿಕೆಯವರು ಒಳಪುಟದಲ್ಲಿ ಸಣ್ಣದಾಗಿ ಅಚ್ಚು ಹಾಕಿದರು. ಅಧಿಕಾರಿಯೊಬ್ಬರು ಡೈರಿಗೆ ಫೋನು ಮಾಡಿ ವಿಚಾರಿಸಿದರು. ಲಕ್ಕಪ್ಪ ನೆಟ್ಟಗೆ ಕಾಲೇಜಿನ ಆಡಳಿತ ಮಂಡಳಿಯವರ ಮನೆಗೆ ಹೋದ.

"ನಾನು ಹೇಳಿದ್ದು ಕೇಳಿಸ್ತಾ?" ಎಂದರು ಮೇಷ್ಟ್ರು, ಇನ್ನೂ ಖಾಲಿಯಿದ್ದ ಕುರ್ಚಿಯನ್ನು ತೋರಿಸಿ. "ಫೋಟೊ ತೆಗೆದು, 'ತಪ್ಪು ತಿಳುವಳಿಕೆಯಿಂದ ಆಯ್ತು' ಅಂತ ಎರಡು ಸಾಲು ಬರಿ ಸಾಕು."

"ತಪ್ಪು ತಿಳ್ಕೊಂಡಿದ್ದು ಯಾರು ಸಾರ್?"

ಮೇಷ್ಟ್ರು ಹೋಗಿ ಬಾಗಿಲನ್ನು ಮುಂದಕ್ಕೆ ಮಾಡಿದರು. ದನಿ ತಗ್ಗಿಸಿದರು. "ನೋಡಮ್ಮ, ನಾನೂ ನಿಮ್ಮೋನೇ. ಅದಕ್ಕೇ ಹೇಳ್ತಿರೋದು. ಇಲ್ಲಿ ಕೆಲಸ ಕಾಯಂ ಆಗೋಕೆ ನಾನೆಷ್ಟು ಬಾಯಿ ಮುಚ್ಕೊಂಡಿದೀನಿ ಅಂತ ನಿಂಗೆ ಗೊತ್ತಿಲ್ಲ. ಮೊದಲು ಡಿಗ್ರಿ ತಗೊ. ಆಮೇಲೆ ಏನು ಬೇಕಾದ್ರೂ ಬರಿ. ಪ್ರಾಜೆಕ್ಟಿಗೆ ನಾನು ಸಹಿ ಹಾಕ್ದಿದ್ರೆ ನಿನ್ನ ಒಂದು ವರ್ಷ ಹೋಗುತ್ತೆ."

ಹರ್ಷಿತಾಳಿಗೆ ಮೇಷ್ಟ್ರ ಮೇಲೆ ಕೋಪಕ್ಕಿಂತ ಹೆಚ್ಚಾಗಿ ಕನಿಕರ ಬಂತು. ಆ ಕನಿಕರವೇ ಅವಳಿಗೆ ಧೈರ್ಯ ಕೊಟ್ಟಿತು.

"ಬ್ಲಾಗು ಸಂಘದ್ದು ಸಾರ್. ಸಂಘ ಹೇಳ್ದೆ ನಾನು ಮುಟ್ಟಲ್ಲ."

"ಮಾಡಿಕೊಟ್ಟೋರು ನೀವು ತಾನೆ?"

"ಮನೆ ಕಟ್ಟಿಕೊಟ್ಟ ಗಾರೆಯೋರು ಬೀಗದ ಕೈ ತಾವೇ ಇಟ್ಕೊಂತಾರಾ ಸಾರ್?"

ಮೇಷ್ಟ್ರು ಅವಳನ್ನು ಬಿಟ್ಟು ಬಾಗಿಲ ಕಡೆ ತಿರುಗಿದರು. "ಮೇಘಶ್ರೀ, ನಿಂಗೂ ಪಾಸ್‌ವರ್ಡ್ ಗೊತ್ತಲ್ವಾ? ನೀನು ಬಾ. ನಿಮ್ಮಪ್ಪ ಬೆಳಗ್ಗೆಯಿಂದ ನನ್ನ ಫೋನು ಕೆಳಗಿಡೋಕೆ ಬಿಟ್ಟಿಲ್ಲ."

ಮೇಘಶ್ರೀ ಬಂದು ಕುರ್ಚಿಯಲ್ಲಿ ಕೂತಳು. ಹರ್ಷಿತಾಳಿಗೆ ತಡೆಯಬೇಕೆನಿಸಿತು, ತಡೆಯಲಿಲ್ಲ, ಅಪ್ಪನ ಮನೆಯಲ್ಲಿ ಸಂಜೆ ಅನ್ನ ಉಣ್ಣಬೇಕಾದವಳು ಅವಳು. ಮೇಘಶ್ರೀ ಪಾಸ್‌ವರ್ಡ್ ಹೊಡೆದಳು. ತಪ್ಪು ಎಂದು ಬಂತು. ಇನ್ನೊಮ್ಮೆ ಹೊಡೆದಳು. ಮತ್ತೆ ತಪ್ಪು.

"ನಂಗೆ ಗೊತ್ತಿದ್ದಿದ್ದು ಹಳೇದು ಸಾರ್" ಎಂದು ಅವಳು ಕೈ ಮಡಿಲಲ್ಲಿಟ್ಟುಕೊಂಡಳು. "ಪೇಪರಲ್ಲಿ ಬಂದ ದಿನ ಮಾರಮ್ಮನೋರು ಬದಲಾಯಿಸ್ಕೊಂಡ್ರು. ಹೆಂಗೆ ಬದಲಾಯಿಸೋದು ಅಂತ ನಾನೇ ಹೇಳಿಕೊಟ್ಟೆ. ಹೊಸದು ಏನು ಅಂತ ಕೇಳ್ಲಿಲ್ಲ."

ಹರ್ಷಿತಾಳಿಗೂ ಅದು ಗೊತ್ತಿರಲಿಲ್ಲ. ಮೇಷ್ಟ್ರು ಇಬ್ಬರನ್ನೂ ನೋಡಿದರು. ಪರದೆಯ ಸ್ವಿಚ್ಚು ಆರಿಸಿ, "ಹೋಗಿ" ಎಂದರು.

ಬಸ್ಸಿನಲ್ಲಿ ಮೇಘಶ್ರೀ ಒಂದೇ ಮಾತು ಆಡಿದಳು. "ನಾಳೆಯಿಂದ ನನ್ನ ಕಾಲೇಜಿಗೆ ಕಳಿಸಲ್ವಂತೆ ಕಣೇ."

ಹರ್ಷಿತಾ ಮನೆಗೆ ಬಂದಾಗ ಮಾರಮ್ಮ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಕಾಲೇಜಿನಲ್ಲಿ ನಡೆದುದನ್ನೆಲ್ಲ ಕೇಳಿ, "ಸಯಿ ಹಾಕ್ದಿದ್ರೆ ಏನಾಯ್ತದೆ?" ಎಂದಳು.

"ಒಂದು ವರ್ಷ ಹೋಗುತ್ತೆ ದೊಡ್ಡಮ್ಮ. ಏನು ಹೊಸ ಪಾಸ್‌ವರ್ಡು?"

"ಯಾರಿಗೂ ಹೇಳ್ಬ್ಯಾಡಿ ಅಂತ ನೀವೇ ಹೇಳ್ಕೊಟ್ಟಿರದು. ನಿಂಗೂ ಹೇಳಕ್ಕಿಲ್ಲ ಮಗ. ನಿಂಗೆ ಗೊತ್ತಿದ್ರೆ ನಿನ್ನ ಕೈ ತಿರುಚ್ತಾರೆ. ನಂಗೆ ಗೊತ್ತಿದ್ರೆ ನನ್ನ ಹತ್ರ ಬರ್ಬೇಕು. ಬರ್ಲಿ." ಅವಳು ಹುಲ್ಲಿನ ಕೈ ಕೊಡವಿಕೊಂಡಳು. "ಬೆಳಿಗ್ಗೆ ಡೈರಿತಕೆ ಬಾ. ಹುಡುಗಿ ಆ ಕ್ಯಾಮರ ನಿನ್ನ ಹತ್ರ ಬುಟ್ಟೈತಲ್ಲ, ಅದನ್ನೂ ತಗಂಡು ಬಾ."

ಬೆಳಿಗ್ಗೆ ಡೈರಿಯ ಮುಂದೆ ಕೆಂಪು ಕ್ಯಾನು ಇರಲಿಲ್ಲ. ಕೇರಿಯ ಹೆಂಗಸರಿಗೆ ಮೊದಲು ಸಂತೋಷವೇ ಆಯಿತು. ಅವರ ಸರದಿ ಬರುವ ಹೊತ್ತಿಗೆ ಡೈರಿಯ ಕಾರ್ಯದರ್ಶಿ ಮೋಹನ್‌ಕುಮಾರ್, ಹಾಲಿಗೆ ಅದ್ದಿ ನೀರು ಅಳೆಯುವ ಗಾಜಿನ ಕೊಳವೆಯನ್ನು ಮುಟ್ಟದೆಯೇ, ಅಳತೆಯ ಪಾತ್ರೆಯನ್ನು ಮಗುಚಿಟ್ಟ.

"ನಿಮ್ಮ ಹಾಲಲ್ಲಿ ಡಿಗ್ರಿ ಬರ್ತಿಲ್ಲ. ನೀರು ಜಾಸ್ತಿ. ತಗಳಂಗಿಲ್ಲ."

"ಅದ್ದಿ ನೋಡ್ದೆ ಎಂಗ್ ಗೊತ್ತಾಯ್ತಪ್ಪ?" ಎಂದಳು ಮಾರಮ್ಮ.

ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದ ಲಕ್ಕಪ್ಪ ಉತ್ತರ ಕೊಟ್ಟ. "ನಿಮ್ಗೆ ಬೇರೆ ಕ್ಯಾನು ಬ್ಯಾಡ ಅಂದ್ರಿ, ತೆಗ್ದಾಯ್ತು. ಇನ್ನ್ ಮ್ಯಾಲೆ ಇಂಟರ್‌ನೆಟ್ಟಿಗೇ ಹಾಕ್ಕಳಿ ನಿಮ್ಮ ಹಾಲ."

ಕೆಲವರು ನಕ್ಕರು. ಕೇರಿಯ ಹೆಂಗಸರ ಸಾಲು ಅಲುಗಿತು. ಒಬ್ಬಿಬ್ಬರು ಪಾತ್ರೆ ಎತ್ತಿಕೊಂಡು ತಿರುಗಿದರು. ಹರ್ಷಿತಾ ಕ್ಯಾಮೆರಾ ಹಿಡಿದು ಹಿಂದೆ ನಿಂತಿದ್ದಳು. ವ್ಯಾನು ಆಗಲೇ ಬಂದು ನಿಂತಿತ್ತು.

ಮಾರಮ್ಮ ತಿರುಗಲಿಲ್ಲ. ಪಾತ್ರೆಯನ್ನು ಸೊಂಟಕ್ಕೆ ಏರಿಸಿಕೊಂಡು ಜಗಲಿಯ ಮೆಟ್ಟಿಲು ಹತ್ತಿದಳು. ಕೇರಿಯವರು ಹತ್ತುವ ಮೆಟ್ಟಿಲಲ್ಲ ಅದು. ಬಾಯಿ ತೆರೆದಿದ್ದ ದೊಡ್ಡ ಕ್ಯಾನಿನ ಮುಂದೆ ನಿಂತು ತನ್ನ ಪಾತ್ರೆಯ ಮುಚ್ಚಳ ತೆಗೆದಳು. ಮೋಹನ್‌ಕುಮಾರ್ ಎದ್ದ. ತಡೆಯಬೇಕಾದರೆ ಅವಳ ಕೈ ಹಿಡಿಯಬೇಕಿತ್ತು. ಅವನ ಕೈ ಅರ್ಧ ದಾರಿಗೆ ಬಂದು ಗಾಳಿಯಲ್ಲೇ ನಿಂತುಬಿಟ್ಟಿತು. ಅಷ್ಟರಲ್ಲಿ ಹಾಲು ಊರಿನ ಹಾಲಿನೊಳಕ್ಕೆ ಇಳಿಯಿತು. ಮಾರಮ್ಮ ಅವಸರ ಮಾಡಲಿಲ್ಲ. ಕೊನೆಯ ಹನಿಯೂ ಬೀಳಲಿ ಎಂದು ಪಾತ್ರೆಯನ್ನು ಹಾಗೇ ಹಿಡಿದಿದ್ದಳು.

"ಈಗ ಅದ್ದಿ ನೋಡು, ಮೋಹಣ್ಣ" ಎಂದಳು.

ಬಸಮ್ಮ ಮೆಟ್ಟಿಲು ಹತ್ತಿದಳು. ತಿರುಗಿ ಹೊರಟಿದ್ದವರೂ ಅವಳ ಹಿಂದೆ ಬಂದರು. ಒಬ್ಬೊಬ್ಬರಾಗಿ ಸುರಿದರು. ಲಕ್ಕಪ್ಪನ ಮನೆಯ ಹಾಲೂ ಅದೇ ಕ್ಯಾನಿನಲ್ಲಿತ್ತು. ಚೆಲ್ಲಿದರೆ ಅರ್ಧ ಊರಿನ ಹಾಲು ಚೆಲ್ಲಬೇಕಿತ್ತು.

"ಏರಿಸ್ಲಾ, ಬ್ಯಾಡ್ವಾ?" ಎಂದು ವ್ಯಾನಿನ ಚಾಲಕ ಕೇಳಿದ. "ಬಿಸ್ಲು ಏರಿದ್ರೆ ಎಲ್ಲಾ ಒಡೀತದೆ. ನನ್ನ ಕೇಳ್ಬೇಡಿ ಆಮ್ಯಾಲೆ."

ಲಕ್ಕಪ್ಪನ ಕಣ್ಣು ಹರ್ಷಿತಾಳ ಕೈಲಿದ್ದ ಕ್ಯಾಮೆರಾದ ಮೇಲೆ ಬಿತ್ತು. ಅದು ತನ್ನ ಮಗಳದ್ದೆಂದು ಅವನಿಗೆ ಗುರುತು ಸಿಕ್ಕಿರಬೇಕು. "ಇದನ್ನೂ ತೆಗೀತೀಯೇನಮ್ಮಿ?" ಎಂದ.

"ದೊಡ್ಡಮ್ಮ ಹೇಳಿದ್ರೆ ತೆಗೀತೀನಿ."

"ತೆಗಿ ಮಗ" ಎಂದಳು ಮಾರಮ್ಮ. ಖಾಲಿ ಪಾತ್ರೆಯನ್ನು ಕಂಕುಳಲ್ಲಿಟ್ಟುಕೊಂಡು, ಸೆರಗು ಸರಿಮಾಡಿಕೊಂಡು, ಕ್ಯಾನಿನ ಪಕ್ಕದಲ್ಲೇ ನೆಟ್ಟಗೆ ನಿಂತಳು. "ಮಕ ಕಾಣಂಗೆ ತೆಗಿ. ಓದ್ಸಲ ಬರೀ ಕ್ಯಾನು ಬಂದಿತ್ತು."

ಲಕ್ಕಪ್ಪ ಕುರ್ಚಿಯಿಂದೆದ್ದು ಒಳಗೆ ಹೋದ. ಏರಿಸು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಚಾಲಕ ಸ್ವಲ್ಪ ಹೊತ್ತು ನೋಡಿ, ಕ್ಯಾನಿನ ಮುಚ್ಚಳ ಬಡಿದು, ಮೋಹನ್‌ಕುಮಾರನ ಕೈ ಸೇರಿಸಿಕೊಂಡು ವ್ಯಾನಿಗೆ ಏರಿಸಿದ.

ಬಿಸಿಲೇರುವ ಮೊದಲೇ ಅವರೆಲ್ಲ ಹಳೇಬೀಡಿಗೆ ಹೋದರು. ಮಾರಮ್ಮ ಪಾಸ್‌ವರ್ಡ್ ಹೊಡೆಯುವಾಗ ಹರ್ಷಿತಾ ಬೀದಿಯ ಕಡೆ ಮುಖ ತಿರುಗಿಸಿ ನಿಂತಳು. ಈ ಸಲ ಫೋಟೊದ ಕೆಳಗೆ ಹೆಂಗಸರು ತಂತಮ್ಮ ಹೆಸರನ್ನು ತಾವೇ ಹುಡುಕಿ ಹುಡುಕಿ ಒತ್ತಿದರು. ಎಲ್ಲರದೂ ಆದ ಮೇಲೆ ಹರ್ಷಿತಾ ತನ್ನ ಹೆಸರನ್ನೂ, ಕಾಲೇಜಿನ ಹೆಸರನ್ನೂ ಸೇರಿಸಿದಳು. ಅಧಿಕಾರಿಗಳಿಗೆ ಕಳಿಸಿದ ಹಾಗೆಯೇ ಒಂದು ಪ್ರತಿಯನ್ನು ನಟರಾಜ್ ಮೇಷ್ಟ್ರಿಗೂ ಕಳಿಸಿದಳು.

ಆದರೆ ಹಸು ಸಂಜೆಯೂ ಹಾಲು ಕೊಡುತ್ತದೆ. ಸಂಜೆ ಏನಾಗುತ್ತದೋ ಯಾರಿಗೂ ಗೊತ್ತಿರಲಿಲ್ಲ. ಕೇರಿಯ ಹೆಂಗಸರು ಎಲ್ಲರಿಗಿಂತ ಮೊದಲೇ ಹೋಗಿ ಜಗಲಿಯ ಮೇಲೆ ಪಾತ್ರೆಗಳನ್ನು ಸಾಲಾಗಿ ಇಟ್ಟು, ಮೆಟ್ಟಿಲ ಮೇಲೆ ಕೂತರು. ಡೈರಿಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಊರಿನವರು ದೂರದಲ್ಲಿ, ಅರಳಿಕಟ್ಟೆಯ ಹತ್ತಿರ ಗುಂಪುಗೂಡಿದ್ದರು. ಅವರ ನಡುವೆ ದಾರಿ ಮಾಡಿಕೊಂಡು ಲಕ್ಕಪ್ಪನ ತಾಯಿ ಗಿಡ್ಡಮ್ಮ, ಬಾಗಿದ ನಡುವಿನ ಮೇಲೆ ಹಾಲಿನ ಪಾತ್ರೆ ಹೊತ್ತು ಬಂದಳು. ಯಾವಾಗಲೂ ಆಳಿನ ಕೈಲಿ ಹಾಲು ಕಳಿಸುವವಳು ಅವಳು.

ಮೆಟ್ಟಿಲ ಕೆಳಗೆ ನಿಂತು ದಮ್ಮು ಬಿಟ್ಟಳು. ಮಾರಮ್ಮನ ಕಡೆ ನೋಡಲಿಲ್ಲ. ಹರ್ಷಿತಾಳನ್ನು ನೋಡಿ, "ನಮ್ ಹುಡುಗಿ ಮದ್ಯಾನದಿಂದ ಹಿಟ್ಟು ಉಣ್ಣದು ಬುಟ್ಟವ್ಳೆ" ಎಂದಳು. "ಅವ್ಳಪ್ಪಂಗೆ ನಾನು ಹೇಳಿವ್ನಿ. ನಾಳಿಕ್ಕೆ ಕಾಲೇಜಿಗೆ ಬತ್ತಳೆ. ಬಸ್ಸಲ್ಲಿ ಜಾಗ ಹಿಡ್ಕೊ."

ಹರ್ಷಿತಾ ತಲೆಯಾಡಿಸಿದಳು. ಮಾರಮ್ಮ ಮೆಟ್ಟಿಲ ಮೇಲೆ ಒಂದಿಷ್ಟು ಸರಿದು ದಾರಿ ಬಿಟ್ಟಳು. ಗಿಡ್ಡಮ್ಮ ಒಂದೊಂದೇ ಮೆಟ್ಟಿಲು ಹತ್ತಿದಳು. ಸಾಲಿನ ಮುಂದಕ್ಕೆ ಹೋಗುವವಳಂತೆ ಎರಡು ಹೆಜ್ಜೆ ಇಟ್ಟು ನಿಂತಳು. ಅವಳು ಹಿಂದಿರುಗಿ, ಬಸಮ್ಮನ ಪಾತ್ರೆಯ ಹಿಂದೆ ತನ್ನ ಪಾತ್ರೆಯನ್ನು ಇಳಿಸಿದಳು. ಮುಚ್ಚಳದ ಸಂದಿಯಿಂದ ಬಿಸಿ ನೊರೆ ಉಕ್ಕಿ ಪಾತ್ರೆಯ ಹೊಟ್ಟೆಯ ಮೇಲೆ ನಿಧಾನವಾಗಿ ಇಳಿಯತೊಡಗಿತು.