ಹೊಗೆಪೆಟ್ಟಿಗೆ ಪಳಗಿಸಿದ ದಿನ

“ಎಣ್ಣೆ ಜಾಸ್ತಿ ಆಯ್ತು ಕಣೇ, ಒರೆಸು. ಇದೇನು ತಲೆಗೆ ಹಚ್ಕೊಳೋದು ಅಂದ್ಕೊಂಡ್ಯಾ?”

ಮೇಸ್ತ್ರಿ ಹಿಂದಿನಿಂದ ರೇಗಿದ. ಹೊಸ ಪೆಟ್ಟಿಗೆಯೊಳಗೆ ಅರ್ಧ ಮೈ ತೂರಿಸಿ ಕೂತಿದ್ದ ಅವನ ಹೆಂಡತಿ ಬಟ್ಟೆ ಹಿಂಡಿ, ಮೂಲೆ ಮೂಲೆಯನ್ನೂ ಮತ್ತೊಮ್ಮೆ ಒರೆಸಿದಳು. ರೇಗಿದ್ದಕ್ಕೆ ಅವಳಿಗೆ ಬೇಜಾರಾಗಲಿಲ್ಲ, ಒಳಗೊಳಗೇ ಖುಷಿಯೇ ಆಯಿತು. ಗಂಡ ಹೀಗೆ ಬಾಯಿ ತುಂಬ ಬೈದು ಎಷ್ಟೋ ದಿನವಾಗಿತ್ತು.

ಹಿತ್ತಲ ಕಟ್ಟೆಯ ಮೇಲೆ ಬೆಳಿಗ್ಗೆಯಷ್ಟೇ ಇಳಿಸಿದ ಕರೆಂಟಿನ ಹೊಗೆಪೆಟ್ಟಿಗೆ ಅದು. ತಳದ ಸುರುಳಿ ಕಾದರೆ ಅದರ ಪಕ್ಕದ ಡಬ್ಬಿಯಲ್ಲಿಟ್ಟ ಮರದ ಚಕ್ಕೆ ಕಮರಿ ಹೊಗೆಯಾಡುತ್ತದೆ. ಮೇಲೆ ಕೊಕ್ಕೆಗೆ ನೇತುಹಾಕಿದ ಮಾಂಸ ಆ ಹೊಗೆಯಲ್ಲೇ ನಿಧಾನಕ್ಕೆ ಹದವಾಗುತ್ತದೆ. ಆದರೆ ತಂದ ಕೂಡಲೇ ಮಾಂಸ ಇಡುವ ಹಾಗಿಲ್ಲ. ಒಳಗೆಲ್ಲ ಎಣ್ಣೆ ಸವರಿ, ಖಾಲಿ ಪೆಟ್ಟಿಗೆಯನ್ನೇ ಕಾಯಿಸಿ, ಹೊಗೆ ಕುಡಿಸಿ, ಕಾರ್ಖಾನೆಯ ಬಣ್ಣ ಗ್ರೀಸುಗಳ ವಾಸನೆ ಪೂರ್ತಿ ತೊಲಗುವ ತನಕ ಉರಿಸಬೇಕು. ಹೊಸ ಕಾವಲಿಯನ್ನು ಪಳಗಿಸುವುದಿಲ್ಲವೇ, ಹಾಗೆ. ತೊಲಗಿತೋ ಇಲ್ಲವೋ ಎಂದು ಹೇಳುವುದಕ್ಕೆ ಯಾವ ಮುಳ್ಳೂ ದೀಪವೂ ಇಲ್ಲ. ಮೂಗೇ ಹೇಳಬೇಕು.

ಮೂಗಿನ ವಿಷಯದಲ್ಲಿ ಮೇಸ್ತ್ರಿಯನ್ನು ಮೀರಿಸಿದವರಿರಲಿಲ್ಲ. ಮೀಸೆ ಮೂಡುವ ಮೊದಲೇ ಮಾಂಸಕ್ಕೆ ಹೊಗೆ ಹಾಕುವ ಕಾರ್ಖಾನೆ ಸೇರಿದವನು. ಬಾಗಿಲು ತೆರೆಯುವ ಗೋಜಿಗೇ ಹೋಗದೆ ಸಂದಿಗೆ ಮೂಗಿಟ್ಟು, “ಹಿಂದಿನ ಸಾಲು ಇಳಿಸ್ರೋ, ಸೀದೋಗುತ್ತೆ” ಎಂದು ಕೂಗುತ್ತಿದ್ದನಂತೆ. ತೆಗೆದು ನೋಡಿದರೆ ಹಿಂದಿನ ಸಾಲೇ ಹದಕ್ಕೆ ಬಂದಿರುತ್ತಿತ್ತಂತೆ. ಅಂಥವನು ಕಳೆದ ಚಳಿಗಾಲದ ಒಂದು ಮಧ್ಯಾಹ್ನ ಊಟದ ಡಬ್ಬಿಯನ್ನು ಬಿಚ್ಚದೆಯೇ ಮನೆಗೆ ವಾಪಸು ತಂದಿದ್ದ. ಹೊಸ ಮ್ಯಾನೇಜರಿಗೂ ತನಗೂ ಆಗಿಬರಲಿಲ್ಲ, ಮುಖದ ಮೇಲೆ ಬಿಸಾಕಿ ಬಂದೆ ಅಂದ. ಅಂದಿನಿಂದ ಗೋಡೆ ನೋಡುತ್ತ ಕೂತವನು ಕೂತೇ ಇದ್ದ. ಬಡಿಸಿದರೆ ಉಣ್ಣುವುದು, ಉಪ್ಪಿಲ್ಲ ಖಾರವಿಲ್ಲ ಎಂಬ ತಕರಾರೂ ಇಲ್ಲ.

ಪೆಟ್ಟಿಗೆಯ ಯೋಚನೆ ಹೊಳೆದದ್ದು ಅವನಿಗೇ. ಹೆದ್ದಾರಿಯ ಹೋಟೆಲಿನವನನ್ನು ಮಾತಾಡಿಸಿಕೊಂಡು ಬಂದದ್ದೂ ಅವನೇ. “ಮೇಸ್ತ್ರಿ ಕೈಯದ್ದು ಅಂದ್ರೆ ಕಣ್ಣು ಮುಚ್ಕೊಂಡು ವಾರಾ ವಾರಾ ತಗೋತೀನಿ. ಆದ್ರೆ ಮೊದಲನೇದನ್ನ ಮಾತ್ರ ನಾನೇ ಬಂದು ತಿಂದು ನೋಡ್ಬೇಕು” ಎಂದಿದ್ದ ಹೋಟೆಲಿನವನು. ಇವತ್ತು ಸಂಜೆಯೇ ಬರುವವನಿದ್ದ. ಅವನು ಒಪ್ಪಿದರೆ ಗಂಡ ಮತ್ತೆ ಮನುಷ್ಯನಾಗುತ್ತಾನೆ. ಒಪ್ಪದಿದ್ದರೆ ಇದ್ದೇ ಇದೆ, ಗೋಡೆಯ ಜೊತೆ ಸಂಸಾರ. ಅವಳು ಯೋಚಿಸಿದ್ದು ಇಷ್ಟೇ.

ತಟ್ಟೆ, ಕಂಬಿಗಳಿಗೆ ಪೆಟ್ಟಿಗೆ ಮಾಡಿದವರು ಅಂಟಿಸಿದ್ದ ತೆಳು ಪ್ಲಾಸ್ಟಿಕ್ ಹಾಳೆಗಳನ್ನು ಮೇಸ್ತ್ರಿಯೇ ಉಗುರಿನಿಂದ ಎಬ್ಬಿಸಿ ಕಿತ್ತ. ಚಕ್ಕೆ ತುಂಬಿದ, ಸ್ವಿಚ್ ಒತ್ತಿದ, ಸ್ಟೂಲ್ ಎಳೆದುಕೊಂಡು ಪೆಟ್ಟಿಗೆಯ ಎದುರಿಗೇ ಕೂತ.

“ಈಗ ಹೇಳು. ಏನು ವಾಸನೆ ಬರ್ತಿದೆ?”

ಇದು ಗಂಡಹೆಂಡಿರ ಹಳೆಯ ಆಟ. ಮದುವೆಯಾದ ಹೊಸದರಲ್ಲಿ ಅವನು ಕೆಲಸದಿಂದ ಬಂದವನೇ ಅಂಗಿಯ ತೋಳನ್ನು ಅವಳ ಮುಖಕ್ಕೆ ಹಿಡಿದು, ಇವತ್ತು ಯಾವ ಮರದ ಹೊಗೆ ಹೇಳು ನೋಡೋಣ ಅನ್ನುತ್ತಿದ್ದ. ಬರಬರುತ್ತ ಅವಳಿಗೆ ಎಲ್ಲವೂ ಗೊತ್ತಾಗತೊಡಗಿತು. ಗೊತ್ತಾದ ಮೇಲೆ ಬೇಕೆಂದೇ ಸುಳ್ಳು ಹೇಳಿ ಕಾಡಿಸುವುದನ್ನೂ ಕಲಿತಳು. “ಕಳ್ಳಿ, ನನ್ನ ಮೂಗಿಗೇ ಟೋಪಿ ಹಾಕ್ತೀಯಾ?” ಎಂದು ಅವನು ತಲೆಗೊಂದು ಮೊಟಕುತ್ತಿದ್ದ. ಈಚೀಚೆಗಂತೂ ಈ ಆಟ ವಿಪರೀತವಾಗಿತ್ತು. ಒಲೆಯ ಮೇಲೆ ಏನಿದೆ ಎಂದು ಕೇಳುತ್ತಿದ್ದ, ಮಾಂಸದಂಗಡಿಯಲ್ಲಿ ತುಂಡನ್ನು ಅವಳ ಮೂಗಿನ ಹತ್ತಿರ ತಂದು ಹೇಗಿದೆ ಎನ್ನುತ್ತಿದ್ದ. ಹೊತ್ತು ಹೋಗದ ಮನುಷ್ಯ, ಕೇಳಲಿ ಬಿಡು ಎಂದುಕೊಂಡಿದ್ದಳು. ತನಗೂ ಕಸುಬು ಕಲಿಸುತ್ತಿದ್ದಾನೆ ಎಂದು ಸಣ್ಣಗೆ ಜಂಬವೂ ಆಗಿತ್ತು.

“ಬಣ್ಣದ ಅಂಗಡಿ ಮುಂದೆ ನಿಂತ ಹಾಗಿದೆ” ಅಂದಳು.

“ಹೂಂ. ಇರ್ಲಿ, ಇನ್ನೂ ಹೊತ್ತಿದೆ.”

ಬಟ್ಟೆ ಒಗೆದು ಬಂದಾಗ ಮತ್ತೆ ಕೇಳಿದ. ಸುಟ್ಟ ಎಣ್ಣೆ ಅಂದಳು. ಪಾತ್ರೆ ತೊಳೆದು ಬಂದಾಗ ಮತ್ತೆ ಕೇಳಿದ. ಎಣ್ಣೆ ಕಡಿಮೆಯಾಗಿದೆ, ಹೊಗೆ ಮುಂದಾಗಿದೆ ಅಂದಳು. ಆಗ ಅವನು ಕೊನೆಯದೊಂದು ಕಾವು ಕೊಡಬೇಕೆಂದು ಶಾಖದ ಗುಂಡಿಯನ್ನು ತುದಿಯವರೆಗೆ ತಿರುಗಿಸಿದ. ಬಿಸಿಲು ನೆತ್ತಿಗೆ ಬಂತು. ಅವಳಿಗೆ ಹಸಿವಾಗಿತ್ತು, ಊಟಕ್ಕೆ ಏಳಿ ಎಂದರೆ ಅವನು ಏಳುತ್ತಿರಲಿಲ್ಲ. ಬಿಳಿಯ ಹೊಗೆ ತೆಳ್ಳಗಾಗುತ್ತ ನೀಲಿಗೆ ತಿರುಗಿತು.

“ಬಂತು ನೋಡು ಬಣ್ಣ!” ಮೇಸ್ತ್ರಿಯ ಮುಖ ಅರಳಿತು. “ಬಿಳೀದು ಕಹಿ. ನೀಲಿ ಬಂತು ಅಂದ್ರೆ ಮುಗೀತು. ಈಗ ಹೇಳು, ಏನು ವಾಸನೆ?”

ಅವಳು ಬಗ್ಗಿದಳು. ಥೂ! ಪ್ಲಾಸ್ಟಿಕ್ ಸುಟ್ಟ ಘಾಟು ನೆತ್ತಿಗೆ ಹೊಡೆದು ಕಣ್ಣಲ್ಲಿ ನೀರು ಬಂತು. ಇಂಥ ಘಾಟಿನ ಎದುರು ಕಲ್ಲಿನ ಹಾಗೆ ಕೂತು ಪಾಠ ಒಪ್ಪಿಸು ಅನ್ನುತ್ತಾನಲ್ಲ ಈ ಮಹಾರಾಯ ಎಂದು ನಗು ಬಂತು. ನಗುವನ್ನು ಹಲ್ಲಲ್ಲಿ ಕಚ್ಚಿ ಹಿಡಿದಳು.

“ಆಹಾ! ಬರೀ ಮರದ ಹೊಗೆ ಕಣ್ರೀ. ಘಮ್ ಅಂತಿದೆ. ಬೇರೆ ಒಂಚೂರೂ ಇಲ್ಲ.”

ಹೇಳಿ, ಮೊಟಕಿಸಿಕೊಳ್ಳಲು ತಲೆ ತಗ್ಗಿಸಿ ನಿಂತಳು.

“ನಾನು ಹೇಳ್ಲಿಲ್ವಾ?” ಮೇಸ್ತ್ರಿ ಎದ್ದೇಬಿಟ್ಟ. “ನಂಗೂ ಆಗ್ಲೇ ಬಂತು, ಘಮ ಘಮ. ಹೋಗು, ಮಾಂಸ ತಗೊಂಡ್ಬಾ.”

ಅಬ್ಬಾ, ನಾನು ಚಾಪೆ ಕೆಳಗೆ ತೂರಿದರೆ ಇವನು ರಂಗೋಲಿ ಕೆಳಗೆ ತೂರುತ್ತಾನೆ ಎಂದು ನಗುತ್ತಲೇ ಒಳಗೆ ಹೋಗಿ, ಉಪ್ಪು ಸವರಿಟ್ಟಿದ್ದ ಮಾಂಸದ ಬೋಗುಣಿ ತಂದಳು. ಎಲ್ಲಿಯವರೆಗೆ ಆಡುತ್ತಾನೋ ಆಡಲಿ. ಮೇಸ್ತ್ರಿ ಬಾಗಿಲು ತೆರೆದ. ಘಾಟು ಗಪ್ಪನೆ ಹೊರಗೆ ನುಗ್ಗಿತು. ಅವನು ಅದರೊಳಗೇ ಮುಖವಿಟ್ಟು, ದೊಡ್ಡ ತುಂಡೊಂದನ್ನು ಕೊಕ್ಕೆಗೆ ಚುಚ್ಚಿ ನೇತುಹಾಕಿದ. ಇನ್ನೊಂದನ್ನು ಹಾಕಿದ. ನಡುವೆ ಗಾಳಿಯಾಡಲು ಜಾಗ ಬಿಟ್ಟು ಮತ್ತೊಂದನ್ನು ಹಾಕಿದ.

ಅವಳ ನಗು ಆರಿಹೋಯಿತು. ಈ ಮನುಷ್ಯ ಯಾವುದರಲ್ಲಿ ಬೇಕಾದರೂ ತಮಾಷೆ ಮಾಡಿಯಾನು, ಮಾಂಸದಲ್ಲಿ ಮಾಡುವವನಲ್ಲ. ಕೊಕ್ಕೆ ಕೈಯಲ್ಲಿದ್ದಾಗ ಅವನು ಮಾತೇ ಆಡುತ್ತಿರಲಿಲ್ಲ. ಮೊನ್ನೆ ಅನ್ನ ತಳ ಹತ್ತಿ ಮನೆಯೆಲ್ಲ ಕಮಟು ಹಿಡಿದಾಗ ಒಲೆಯ ಪಕ್ಕದಲ್ಲೇ ಕೂತಿದ್ದನಲ್ಲ. ಜಗಲಿಯ ಮೂಲೆಯಲ್ಲಿ ಇಲಿ ಸತ್ತಾಗ ಅಲ್ಲೇ ಚಾಪೆ ಹಾಸಿ ಮಲಗಿದ್ದನಲ್ಲ. ದುಃಖದಲ್ಲಿದ್ದಾನೆ, ಅವನಿಗೆ ಯಾವುದರ ಮೇಲೂ ಧ್ಯಾನವಿಲ್ಲ ಎಂದುಕೊಂಡಿದ್ದಳು. ಅಯ್ಯೋ ದೇವರೇ, ಎಂಥ ದಡ್ಡಿ ನಾನು!

“ರೀ...”

“ಏನೇ?”

ತಿರುಗಿದ ಮುಖದಲ್ಲಿ ಬೆವರಿತ್ತು, ಉತ್ಸಾಹವಿತ್ತು. ಚಳಿಗಾಲದಿಂದೀಚೆಗೆ ಆ ಮುಖವನ್ನು ಅವಳು ಕಂಡಿರಲಿಲ್ಲ. ಸುಮ್ಮನೆ ಅಂದೆ, ಸುಳ್ಳು ಹೇಳಿದೆ ಎಂದರೆ ಮುಗಿಯುತ್ತಿತ್ತು. ಆದರೆ ಹಾಗಂದರೆ, ನಿನಗೆ ಮೂಗಿಲ್ಲ, ಅದು ನನಗೆ ಗೊತ್ತಾಯಿತು ಎಂದೂ ಅಂದ ಹಾಗಾಗುತ್ತಿತ್ತು.

“ಏನಿಲ್ಲ.”

ಮೇಸ್ತ್ರಿ ಬಾಗಿಲು ಮುಚ್ಚಿದ. ಒಳಗೆ ಅಷ್ಟು ಒಳ್ಳೆಯ ಮಾಂಸ ಆ ವಿಷವನ್ನು ಹೀರುತ್ತಿತ್ತು. ಅವಳು ಕಟ್ಟೆಯ ತುದಿಯಲ್ಲಿ ಕೂತು, ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಉಳಿದಳು.

ಹೇಳಿದ್ದು ಅವಳಲ್ಲ. ಪಕ್ಕದ ಮನೆಯ ಟೈಲರಮ್ಮ ಗೋಡೆಯ ಮೇಲಿಂದ ತಲೆ ಹಾಕಿದಳು. ಆಯಮ್ಮನ ಕಿವಿಗೆ ಬಿದ್ದದ್ದು ಅಳತೆ ಕೊಡಲು ಬಂದವರ ಮೂಲಕ ಸಂಜೆಯೊಳಗೆ ಬೀದಿಗೆಲ್ಲ ಹಂಚಿಹೋಗುತ್ತಿತ್ತು. ಗಂಡಹೆಂಡಿರಿಬ್ಬರೂ ಅವಳಿಗೆ ಹೆದರಿ ಮೆಲ್ಲಗೇ ಜಗಳವಾಡುತ್ತಿದ್ದರು.

“ಏನ್ರೀ ಇದು ಅನ್ಯಾಯ? ಪ್ಲಾಸ್ಟಿಕ್ ಸುಡ್ತಿದ್ದೀರಾ? ಹೊಲಿದು ತೂಗುಹಾಕಿದ ಬಟ್ಟೆಗೆಲ್ಲ ಹಿಡ್ಕೊಳ್ತಿದೆ. ತಲೆ ಸಿಡೀತಿದೆ ನಂಗೆ!”

ಮೇಸ್ತ್ರಿ ನಕ್ಕ. “ಪ್ಲಾಸ್ಟಿಕ್ಕಂತೆ! ಮರದ ಹೊಗೆ ಕಣಮ್ಮ ಇದು, ಶುದ್ಧ ಮರದ್ದು. ಸೂಜಿ ಹಿಡಿಯೋರಿಗೆ ಇದೆಲ್ಲಿ ಗೊತ್ತಾಗ್ಬೇಕು. ಬೇಕಾದ್ರೆ ಇವಳನ್ನೇ ಕೇಳಿ.” ಹೆಂಡತಿಯ ಕಡೆ ತಿರುಗಿದ. “ಹೇಳೇ, ಏನು ವಾಸನೆ?”

ಅವಳು ಸೆರಗನ್ನು ಮೂಗಿಗೆ ಹಿಡಿದುಕೊಂಡಿದ್ದಳು. ಯಾವಾಗ ಹಿಡಿದುಕೊಂಡಳೋ ಅವಳಿಗೇ ತಿಳಿದಿರಲಿಲ್ಲ. ಮೇಸ್ತ್ರಿ ಆ ಸೆರಗನ್ನು ನೋಡಿದ, ನೀರಾಡುತ್ತಿದ್ದ ಕಣ್ಣು ನೋಡಿದ. ನಗು ಮುಖದ ಮೇಲೆಯೇ ಸ್ವಲ್ಪ ಹೊತ್ತು ಉಳಿದಿತ್ತು, ಆಮೇಲೆ ಹೋಯಿತು.

ಸ್ವಿಚ್ ಆರಿಸಿದ. ಬಟ್ಟೆ ಹಿಡಿದು ಜಿಡ್ಡು ಬೀಳುವ ತಟ್ಟೆಯನ್ನು ಎಳೆದು ಮಗುಚಿದ. ಮೇಲ್ಗಡೆಯ ಹಾಳೆ ಕಿತ್ತಿದ್ದ, ತಳಕ್ಕೆ ಅಂಟಿಸಿದ್ದ ಹಾಳೆಯನ್ನು ಅವನು ಕಿತ್ತೇ ಇರಲಿಲ್ಲ. ಅದು ಕರಗಿ, ಕಪ್ಪಾಗಿ, ಎಳೆ ಎಳೆಯಾಗಿ ಇಳಿದಿತ್ತು. ಟೈಲರಮ್ಮ ಏನೋ ಗೊಣಗಿ ತಲೆ ಇಳಿಸಿದಳು. ಮೇಸ್ತ್ರಿ ಮಾಂಸವನ್ನು ಕೊಕ್ಕೆಯಿಂದ ಬಿಡಿಸಿ, ಒಂದು ತುಂಡನ್ನು ಎರಡೂ ಕೈಯಲ್ಲಿ ಮುಖಕ್ಕೆ ಒತ್ತಿ ಹಿಡಿದು, ಎದೆಯುಬ್ಬಿಸಿ ಉಸಿರೆಳೆದ. ಮತ್ತೆ ಎಳೆದ. ಏನೂ ಸಿಗದೆ ಎಲ್ಲ ತುಂಡುಗಳನ್ನೂ ಕಸದ ಬಕೆಟ್ಟಿಗೆ ಹಾಕಿದ.

“ನಿಂಗೆ ಗೊತ್ತಾಗ್ಲಿಲ್ವಾ?” ದನಿ ಮೆತ್ತಗಿತ್ತು.

“ಗೊತ್ತಾಯ್ತು.”

“ಮತ್ತೆ?”

“ತಮಾಷೆಗಂದೆ ರೀ. ನೀವು ಹಿಡೀತೀರ ಅಂದ್ಕೊಂಡೆ. ಯಾವಾಗ್ಲೂ ಹಿಡೀತಿದ್ರಲ್ಲ...” ಅವಳಿಗೆ ಅಳು ಒತ್ತರಿಸಿ ಬಂತು.

ಅವನು ಸ್ಟೂಲಿನ ಮೇಲೆ ಕೂತ. “ಚಳೀಲಿ ಜ್ವರ ಬಂದಿತ್ತಲ್ಲ, ಅವತ್ತಿಂದ ಏನೂ ಇಲ್ಲ. ಹೂವೂ ಒಂದೇ, ಹೇಲೂ ಒಂದೇ. ಮ್ಯಾನೇಜರ್ ಜಗಳ ಗಿಗಳ ಎಲ್ಲಾ ಸುಳ್ಳು. ಕೊಳೆತ ಮಾಂಸಾನ ಚೆನ್ನಾಗಿದೆ, ಕಳಿಸ್ರೋ ಅಂದ್ಬಿಟ್ಟೆ. ಹುಡುಗ್ರೆಲ್ಲ ಮೂಗು ಮುಚ್ಕೊಂಡು ನನ್ನೇ ನೋಡ್ತಾ ನಿಂತಿದ್ರು. ಆವಯ್ಯ ಪಾಪ ಒಂದು ಮಾತೂ ಬೈಲಿಲ್ಲ. ಮನೇಗೆ ಹೋಗಿ ಮೇಸ್ತ್ರಿ, ಸುಧಾರಿಸ್ಕೊಳ್ಳಿ ಅಂದ.”

“ನಂಗ್ಯಾಕೆ ಹೇಳ್ಲಿಲ್ಲ? ನಾನೇನು ಹೊರಗಿನವಳಾ?”

“ಹೇಳಿ ಏನ್ಮಾಡ್ಲಿ? ಮೇಸ್ತ್ರಿ ಅಂದ್ರೆ ಮೂಗು, ಇನ್ನೇನಿದೆ ನನ್ನ ಹತ್ರ? ನಿನ್ನ ಮೂಗಿದೆಯಲ್ಲ, ಅದರ ಮೇಲೆ ನಡ್ಸ್ಕೊಂಡು ಹೋಗೋಣ ಅಂದ್ಕೊಂಡೆ. ಅದನ್ನ ನಂಬ್ಕೊಂಡೇ ಇದನ್ನ ತರಿಸಿದ್ದು.”

ಬೈಯಲಿಲ್ಲ. ಬೈದಿದ್ದರೆ, ತಲೆಗೊಂದು ಬಿಟ್ಟಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಹೋಟೆಲಿನವನಿಗೆ ಅವಳೇ ಫೋನು ಮಾಡಿ, ಕರೆಂಟು ಕೈಕೊಟ್ಟಿತು, ನಾಳೆ ಬನ್ನಿ ಅಂದಳು. ನಾಳೆಯೂ ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಅವನು ಫೋನಿಟ್ಟ.

ಮಾರನೆಯ ದಿನ ಹೊತ್ತು ಮೂಡುವುದಕ್ಕೆ ಮುಂಚೆಯೇ ಮೇಸ್ತ್ರಿ ತಟ್ಟೆಯನ್ನು ಚಾಕುವಿನಿಂದ ಕೆರೆದು ಕೆರೆದು ಹೊಳೆಯಿಸಿದ್ದ. ಮತ್ತೆ ಒಳಗೆಲ್ಲ ಎಣ್ಣೆ ಸವರಿದರು, ಮತ್ತೆ ಕಾಯಿಸಿದರು. ಅವನು ಏನೂ ಕೇಳಲಿಲ್ಲ. ಅವಳೇ ಆಗಾಗ ಬಂದು ಬಗ್ಗಿ, “ಎಣ್ಣೆ ಇನ್ನೂ ಇದೆ”, “ಸ್ವಲ್ಪ ಘಾಟಿದೆ, ತಾಳಿ” ಎಂದು ಹೇಳಿ ಹೋಗುತ್ತಿದ್ದಳು. ಹೂಂ ಅನ್ನುತ್ತಿದ್ದ, ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಹೊಗೆ ನೀಲಿಯಾಯಿತು. ಅವಳು ಮಂಡಿಯೂರಿ ಕೂತು, ಕಣ್ಣು ಮುಚ್ಚಿ ಉಸಿರೆಳೆದಳು. ಒಣಮರ, ಸ್ವಲ್ಪ ಸಿಹಿ, ಮತ್ತೇನೂ ಇಲ್ಲ. ಮತ್ತೆ ಮತ್ತೆ ಎಳೆದು ನೋಡಿದಳು. ಏನೇನೂ ಇರಲಿಲ್ಲ.

“ಆಯ್ತು ರೀ. ಬರೀ ಮರದ ಹೊಗೆ. ನಿಮ್ಮಾಣೆಗೂ.”

ಮೇಸ್ತ್ರಿ ಅವಳ ಮುಖವನ್ನೇ ನೋಡಿದ. ತುಂಬ ಹೊತ್ತು ನೋಡಿದ. “ಹೂಂ, ಮಾಂಸ ತಗೊಂಡ್ಬಾ” ಅಂದ.

ಅವಳ ಎದೆ ಹಗುರಾಯಿತು. ಒಳಗೆ ಓಡಿ, ಹೊಸದಾಗಿ ತಂದು ಉಪ್ಪು ಸವರಿಟ್ಟಿದ್ದ ಮಾಂಸದ ಬೋಗುಣಿ ಎತ್ತಿಕೊಂಡು ಬಂದರೆ, ಪೆಟ್ಟಿಗೆಯ ಮುಂದೆ ಅವನಿರಲಿಲ್ಲ. ಹಿತ್ತಲ ಗೋಡೆಗೆ ಎರಡೂ ಕೈಯೂರಿ, ಹಿಮ್ಮಡಿ ಎತ್ತಿ ನಿಂತಿದ್ದ.

“ಅಮ್ಮಾ, ಟೈಲರಮ್ಮಾ, ಒಂಚೂರು ಈ ಕಡೆ ಬರ್ತೀರಾ? ನಂಗೆ ವಾಸನೆ ಗೊತ್ತಾಗಲ್ಲ. ಏನು ಬರ್ತಿದೆ ಅಂತ ನೀವು ನೋಡಿ ಹೇಳ್ಬೇಕಿತ್ತು.”

ಗೋಡೆಯಾಚೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಅವಳು ಬೋಗುಣಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಳು.