ಕರೆದರೆ ಕೇಳದಷ್ಟು ದೂರ

ಅದು ಶುರುವಾದದ್ದು ಹತ್ತಿ ಗಾಡಿಗಳು ಮಾರ್ಕೆಟ್ಟಿನ ಮುಂದೆ ಸಾಲುಗಟ್ಟುವ ಪುಷ್ಯದ ಚಳಿಯಲ್ಲಿ, ಬೆಳಗಿನ ಪಾಳಿಯವರು ಕೆಲಸಕ್ಕೆ ಬರುವ ಹೊತ್ತಿಗೆ. ಆದವಾನಿಯ ಒಂದು ಜಿನ್ನಿಂಗ್ ಮಿಲ್ಲಿನ ಗೇಟಿನೆದುರು ನನ್ನ ಮಗಳು ರಾಣಿ ತಳ್ಳುಬಂಡಿಯಲ್ಲಿ ಮಂಡಕ್ಕಿ ಒಗ್ಗರಣೆಯ ಉಗ್ಗಾನಿ, ಮಿರ್ಚಿ ಮಾರುತ್ತಾಳೆ. ಅವಳ ಮಗಳು ಹಾರಿಕಾಗೆ ಏಳು ವರ್ಷ. ಚಳಿಗೆ ಒಲೆಯ ಹತ್ತಿರ ನಿಂತಿದ್ದ ಮಗು ಹಿಂದಕ್ಕೆ ಬಂದ ಟ್ರ್ಯಾಕ್ಟರಿನ ಸದ್ದಿಗೆ ಬೆಚ್ಚಿ, ಆಸರೆಗೆಂದು ಬಾಣಲೆಯ ಹಿಡಿಕೆ ಹಿಡಿಯಿತು. ಕಾದ ಎಣ್ಣೆ ಬಲಗೈ ಮೇಲೆ ಸುರಿಯಿತು.

ಸುದ್ದಿ ಬಂದಾಗ ನಾನೂ ನನ್ನ ಹೆಂಡತಿ ಶೇಷಮ್ಮನೂ ಊರಲ್ಲಿದ್ದೆವು, ಕೌತಾಳಂ ಹತ್ತಿರ. ಸಿಕ್ಕ ಬಸ್ಸು ಹತ್ತಿ ಬಂದೆವು. ಶೇಷಮ್ಮ ಆಸ್ಪತ್ರೆಯ ಮಂಚದ ಮೇಲೆ ಮೊಮ್ಮಗಳ ತಲೆಯ ಹತ್ತಿರ ಕೂತವಳು ಮತ್ತೆ ಏಳಲಿಲ್ಲ. ಊಟ ಅಲ್ಲೇ, ನಿದ್ದೆ ಅಲ್ಲೇ.

ದಿನ ಬಿಟ್ಟು ದಿನ ಡ್ರೆಸ್ಸಿಂಗ್. ಹಳೆಯ ಬಟ್ಟೆ ಬಿಚ್ಚಬೇಕು, ಸತ್ತ ಚರ್ಮ ತೆಗೆಯಬೇಕು, ಬೆರಳುಗಳ ಸಂದುಸಂದಿನಲ್ಲಿ ಮುಲಾಮಿನ ಬಟ್ಟೆ ಇಟ್ಟು ಒಂದೊಂದನ್ನೂ ಬೇರೆಬೇರೆ ಸುತ್ತಬೇಕು. ಡಾಕ್ಟರು ಮೊದಲೇ ಹೇಳಿದ್ದರು: ಸಂದಿನಲ್ಲಿ ಬಟ್ಟೆ ಸರಿಯಾಗಿ ಕೂರದಿದ್ದರೆ ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ಮಾಯುತ್ತವೆ. ಆಮೇಲೆ ಕರ್ನೂಲಿಗೆ ಹೋಗಿ ಕೊಯ್ಸಬೇಕು. ಆದರೆ ಕೈ ಮುಟ್ಟಿದರೆ ಸಾಕು, ಮಗು ಹೌಹಾರುತ್ತಿತ್ತು. ಅಳಿಯ ತಿರುಮಲೇಶ್ ಕಾಲು ಹಿಡಿದರೆ ರಾಣಿ ಹೆಗಲು ಹಿಡಿಯುತ್ತಿದ್ದಳು. ಹಿಡಿದಷ್ಟೂ ಮಗು ಜೋರಾಗಿ ಎಳೆದುಕೊಳ್ಳುತ್ತಿತ್ತು. ಆ ಕೂಗು ಕೇಳಿ ಪಕ್ಕದ ವಾರ್ಡಿನವರು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು.

ನರ್ಸ್ ಲಾವಣ್ಯ ಒಂದು ದಿನ ಕಪ್ಪು ಡಬ್ಬಿಯಂಥದ್ದನ್ನು ತಂದಳು. ಕಣ್ಣಿಗೆ ಕಟ್ಟುವುದು, ಕಿವಿಯೂ ಮುಚ್ಚುತ್ತದೆ.

"ಇದೇನವ್ವ?" ಅಂದಳು ಶೇಷಮ್ಮ. "ಗಾಣದ ಎತ್ತಿಗೆ ಕಟ್ಟಿದಂಗ ಕಟ್ತೀಯಲ್ಲ!"

"ವಿಆರ್ ಅಂತಾರ ಅಜ್ಜಿ. ಒಳಗ ಸಮುದ್ರ ಐತಿ. ಮೀನದಾವು, ಆಮಿ ಐತಿ. ಕೂಸು ಅಲ್ಲಿ ಹೋಗಿ ಆಡ್ತಿರ್ತಾಳ, ನಾವು ಇಲ್ಲಿ ಕೈ ಕಟ್ತೀವಿ. ನೋವು ಅಷ್ಟು ತಿಳಿಯಂಗಿಲ್ಲ."

"ಆದವಾನಿಗೇ ನೀರು ಸರಿಯಾಗಿ ಬರಂಗಿಲ್ಲ, ನೀನು ಸಮುದ್ರ ತಂದಿ?"

ಲಾವಣ್ಯ ನಕ್ಕಳು. ಹಾರಿಕಾ ಕೂಡ ನಕ್ಕಿತು. ಎಣ್ಣೆ ಬಿದ್ದ ಮೇಲೆ ಅದು ನಕ್ಕದ್ದು ಅದೇ ಮೊದಲು.

ಆ ದಿನ ಶೇಷಮ್ಮ ಮೊದಲ ಸಲ ಮಗುವಿನ ಮಂಚ ಬಿಟ್ಟು ಉರುಕುಂದದ ಈರಣ್ಣನಿಗೆ ಹರಕೆ ಹೊರಲು ಹೋದಳು. ಡ್ರೆಸ್ಸಿಂಗ್ ಹೊತ್ತಿಗೆ ರಾಣಿಯೂ ನಾನೂ ಇದ್ದೆವು. ಲಾವಣ್ಯ ಬಟ್ಟೆ ಬಿಚ್ಚುತ್ತಿದ್ದರೆ ಮಗು, "ಆಮಿ ನನ್ನ ಹಿಂದ ಬಂತು, ನೀಲಿ ಮೀನು, ಏ ಸರಿ ಸರಿ" ಅನ್ನುತ್ತಿತ್ತು. ಒಂದೆರಡು ಸಲ ಮುಖ ಕಿವುಚಿತು, ಅಷ್ಟೆ. ಐದೂ ಬೆರಳಿಗೆ ಬಟ್ಟೆ ಬೇರೆಬೇರೆ ಕೂತಿತು. ರಾಣಿ ಗೋಡೆಗೆ ಒರಗಿ ಅತ್ತಳು.

ಮುಂದಿನ ಡ್ರೆಸ್ಸಿಂಗ್ ದಿನ ಶೇಷಮ್ಮ ಒಳಗಿದ್ದಳು.

ನಮ್ಮ ಕಡೆ ಒಂದು ಪದ್ಧತಿ ಇದೆ. ಜ್ವರಕ್ಕೋ ಹೆದರಿಕೆಗೋ ಮಗು ಕಣ್ಣು ಮೇಲೆ ಮಾಡಿದರೆ ಹಿರಿಯರು ಹೆಸರು ಹಿಡಿದು ಕರೆಯುತ್ತಾರೆ. ಮಗು ಓ ಅಂದರೆ ಜೀವ ಮೈಯಲ್ಲಿದೆ ಎಂದು ಲೆಕ್ಕ. ಓ ಅನ್ನುವ ತನಕ ಕರೆಯುವವರು ಬಾಯಿ ಮುಚ್ಚಬಾರದು.

ನಮಗೊಬ್ಬ ಮಗ ಇದ್ದ, ಆಂಜನೇಯ. ಮೆಣಸಿನಕಾಯಿ ಹೊಲದಲ್ಲಿ ಅವನಿಗೆ ಹಾವು ಕಚ್ಚಿತು. ಗಾಡಿಯಲ್ಲಿ ಮಲಗಿಸಿಕೊಂಡು ಆದವಾನಿಗೆ ಹೊರಟೆವು. ದಾರಿಯುದ್ದಕ್ಕೂ ಶೇಷಮ್ಮ ಕರೆದಳು, ದಾರಿಯುದ್ದಕ್ಕೂ ಅವನು ಓ ಅಂದ. ಆದವಾನಿ ಕಾಣುವ ಹೊತ್ತಿಗೆ ಜೊತೆಗಿದ್ದವರೊಬ್ಬರು, ಹುಡುಗನಿಗೆ ದಣಿವಾಗೈತಿ, ತುಸು ಸುಮ್ಮನಿರು ತಾಯಿ ಅಂದರು. ಅವಳು ಸುಮ್ಮನಾದಳು. ಮತ್ತೆ ಕರೆದಾಗ ಅವನು ಓ ಅನ್ನಲಿಲ್ಲ. ಇದನ್ನು ಅವಳು ಯಾರ ಮುಂದೆಯೂ ಆಡಿದವಳಲ್ಲ. ಗಾಡಿ ಹೊಡೆಯುತ್ತಿದ್ದವನು ನಾನು, ಹಾಗಾಗಿ ನನಗೆ ಗೊತ್ತು.

ಹಾರಿಕಾ ಮಲಗಿತ್ತು. ಈ ಸಲ ಮಾತೂ ಇಲ್ಲ, ಬಾಯಿ ಅರ್ಧ ತೆರೆದಿತ್ತು. ಕೈಯಿಂದ ಚರ್ಮ ಸುಲಿದು ರಕ್ತ ಜಿನುಗುತ್ತಿದ್ದರೂ ಅದು ಮಿಸುಕಲಿಲ್ಲ. ಶೇಷಮ್ಮನ ಮುಖ ನೋಡಿದೆ. ಅವಳು ಅಲ್ಲಿರಲಿಲ್ಲ, ಗಾಡಿಯಲ್ಲಿದ್ದಳು.

"ಹಾರಿಕಾ," ಅಂದಳು.

"ಅಜ್ಜಿ, ಪಿಲವದ್ದು, ಕರೀಬ್ಯಾಡ್ರಿ!" ಲಾವಣ್ಯ ತಲೆ ಎತ್ತದೆ ಅಂದಳು. "ಆಕಿ ಆರಾಮ ಅದಾಳ."

"ಆರಾಮಿದ್ರ ಓ ಅನ್ನಲಿ. ಹಾರಿಕಾ! ಓ ಅನ್ನವ್ವ! ಹಾರಿಕಾ!"

ನಾನು ಏಳುವಷ್ಟರಲ್ಲಿ ಅವಳು ಆ ಡಬ್ಬಿಯನ್ನು ಮಗುವಿನ ಮುಖದಿಂದ ಕಿತ್ತಿದ್ದಳು. ಮಗು ಓ ಅಂದಿತು. ಓ ಅಂದು ಅಜ್ಜಿಯನ್ನು ನೋಡಿತು, ತನ್ನ ಕೈ ನೋಡಿತು. ತನ್ನ ಕೈಯನ್ನು ಅದು ಅಷ್ಟು ಹಸಿಯಾಗಿ ಯಾವತ್ತೂ ಕಂಡಿರಲಿಲ್ಲ. ಆಮೇಲಿನ ಕೂಗನ್ನು ಬರೆಯಲಾರೆ.

ಅಲ್ಲಿಂದ ಆ ವಿಆರ್ ಕನ್ನಡಕ ಕೆಲಸ ಮಾಡಲಿಲ್ಲ. ಕಟ್ಟಿದರೆ ಮಗು ಎಡಗೈಯಿಂದ ಎತ್ತಿ ಎತ್ತಿ ನೋಡುತ್ತಿತ್ತು.

"ಆಮಿ ಬಂತೇನೆ?" ಲಾವಣ್ಯ ಕೇಳಿದರೆ, "ಬಂತು. ಆದ್ರ ಅಜ್ಜಿ ಕರೀತಾಳ" ಅನ್ನುತ್ತಿತ್ತು.

"ಅಜ್ಜಿ ಬಾಯಿ ಮುಚ್ಚಿಕೊಂಡಾಳ ನೋಡು ಬಂಗಾರ."

"ಈಗ ಮುಚ್ಚ್ಯಾಳ. ಆಮ್ಯಾಲ ಕರೀತಾಳ."

ಶೇಷಮ್ಮ ಸೆರಗು ಬಾಯಿಗೆ ತುರುಕಿಕೊಂಡು ಹೊರಗಿನ ಬೆಂಚಿನಲ್ಲಿ ಕೂತಳು. ಬಾಗಿಲಾಚೆ ಬಳೆ ಸದ್ದಾದಾಗ ಮಗು ಕೈ ಎಳೆದುಕೊಂಡಿತು. ಬಳೆ ತೆಗೆದಿಟ್ಟು ಕೂತಳು. ಆಗಲೂ ಮಗು ಬಾಗಿಲ ಕಡೆಯೇ ಕಿವಿಯಿಟ್ಟಿತ್ತು. ಡಾಕ್ಟರು ಕೈ ತಿರುಗಿಸಿ ನೋಡಿ, ಕಿರುಬೆರಳು ಉಂಗುರದ ಬೆರಳಿಗೆ ಅಂಟತೊಡಗಿದೆ, ಮಿಕ್ಕವನ್ನಾದರೂ ಉಳಿಸಿಕೊಳ್ಳೋಣ ಅಂದರು. ರಾಣಿ ತಾಯಿಯ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು.

ಆ ಸಂಜೆ ಶೇಷಮ್ಮ ನೀರು ತರಲು ಹೋದಾಗ ಹಾರಿಕಾ ನನ್ನ ಅಂಗಿ ಹಿಡಿದೆಳೆಯಿತು.

"ತಾತಾ, ಅಜ್ಜಿನ್ನ ಊರಿಗೆ ಕಳಿಸು."

"ಯಾಕವ್ವ? ಹೊರಗ ಕುಂತಿರ್ತಾಳಲ್ಲ."

"ಹೊರಗಿಂದ ಕರೆದ್ರ ಕೇಳ್ತೈತಿ. ಊರಾಗಿಂದ ಕರೆದ್ರ ಕೇಳಂಗಿಲ್ಲ." ಅಂಗಿ ಮತ್ತೆ ಜಗ್ಗಿ, "ಕೇಳಿದ್ರ ಓ ಅನ್ನಬೇಕಲ್ಲ ತಾತಾ" ಅಂದಿತು.

ತಿರುಗಿ ನೋಡಿದರೆ ಶೇಷಮ್ಮ ಕೊಡದೊಂದಿಗೆ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಕೊಡ ಇಳಿಸಿದಳು, ಮಗುವಿಗೆ ಲೋಟದಲ್ಲಿ ನೀರು ಕುಡಿಸಿದಳು. ತನ್ನ ಸೀರೆ, ಎಲೆ ಅಡಿಕೆ ಚೀಲಕ್ಕೆ ಹಾಕಿಕೊಂಡಳು.

ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ನಾನು ಜೊತೆ ಹೋದೆ.

"ನಾನು ಬರ್ಲಿ?" ಅಂದೆ.

"ನೀ ಬಂದ್ರ ಆಕಿ ಹತ್ರ ಯಾರಿರ್ತಾರ? ನೀ ಇರು. ನಿನಗ ಸುಮ್ಮನಿರೋದು ಬರ್ತೈತಿ."

ಬೈದಳೋ ಹೊಗಳಿದಳೋ ತಿಳಿಯಲಿಲ್ಲ. ಕಿಟಕಿಯ ಹತ್ತಿರ ಕೂತು, ಬಸ್ಸು ಹೊರಡುವಾಗ ಅಂದಳು: "ನಾನು ಮುನಿಸಿಕೊಂಡು ಹೋದ್ನಿ ಅಂತ ಕೂಸಿಗೆ ಅನ್ನಿಸಬ್ಯಾಡ."

ನಾನು ವಾಪಸು ಬಂದಾಗ ಲಾವಣ್ಯ ತಟ್ಟೆ, ಬಟ್ಟೆ ಎಲ್ಲ ಜೋಡಿಸಿಕೊಂಡು ಕಾಯುತ್ತಿದ್ದಳು. ಹಾರಿಕಾ ಕನ್ನಡಕ ಕಟ್ಟಿಸಿಕೊಳ್ಳಲು ಒಪ್ಪಿರಲಿಲ್ಲ.

"ಬಸ್ ಹೋತಾ?"

"ಹೋತವ್ವ."

"ಊರು ಮುಟ್ಟೈತಾ?"

"ಇನ್ನೂ ದಾರ್ಯಾಗೈತಿ."

"ಮುಟ್ಟಲಿ, ತಡಿ."

ಲಾವಣ್ಯ ಗಡಿಯಾರ ನೋಡಿದಳು, ನನ್ನನ್ನು ನೋಡಿದಳು, ಸ್ಟೂಲ್ ಎಳೆದುಕೊಂಡು ಕೂತಳು. ಬಿಸಿಲು ಕಿಟಕಿಯಿಂದ ಮಂಚಕ್ಕೆ ಬಂದ ಮೇಲೆ, ಈಗ ಮುಟ್ಟಿರಬೇಕು ಅಂದೆ. ಮಗು ಮುಖ ಮುಂದೆ ಮಾಡಿತು. ಕನ್ನಡಕ ಎತ್ತಲಿಲ್ಲ, ಕೈ ಎಳೆದುಕೊಳ್ಳಲೂ ಇಲ್ಲ. ಮೂರು ಬೆರಳಿಗೆ ಬಟ್ಟೆ ಬೇರೆಬೇರೆ ಕೂತಿತು. ಅಂಟಿದ್ದ ಎರಡನ್ನು ಲಾವಣ್ಯ ಒಟ್ಟಿಗೇ ಸುತ್ತಿದಳು.